ನಾಲ್ಕು ಗಂಟೆಗೆ ಅವ್ವ

ಕುಡುಗೋಲಿನ ಅಂಚು ನನ್ನ ಗಂಟಲಿಗೆ ತಾಗಿತ್ತು.

ಹಿಡಿದ ಕೈ ನಡುಗುತ್ತಿತ್ತು... ನನಗೆ ಭಯವಾದದ್ದು ಅದಕ್ಕೇ! ನಡುಗುವ ಕೈ ಬೇಕೆಂದು ಕೊಯ್ಯುವುದಿಲ್ಲ. ತಪ್ಪಿ ಕೊಯ್ಯುತ್ತದೆ.

"ನೀ ವೀರೇಂದ್ರನ ಲೈನ್‌ಮನ್ ಅಲ್ಲೇನಲೇ?"

"ಆಗಿದ್ದೆ. ಬಿಟ್ಟು ನಾಕು ತಿಂಗಳಾತು."

"ಸುಳ್ಳು!"

"ಸುಳ್ಳಾಗಿದ್ರ ಒಬ್ಬನ ಬರ್ತಿದ್ನೇನು? ಅವನ ಕಡಿಯವ್ರು ಬಂದ್ರ ನಾಕು ಮಂದಿ ಬರ್ತಾರ. ನಿನಗ ಗೊತ್ತೈತಿ."

ಗೊತ್ತಿತ್ತು. ಅವನ ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು.

"ಬಿಡ್ರಿ ಅವರನ್ನ! ನಾನ ಕರಿಸೀನಿ."

ಒಳಕೋಣೆಯ ಬಾಗಿಲಲ್ಲಿ ವಿಜಯಶ್ರೀ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ. ಇನ್ನೊಂದು ಹೊಟ್ಟೆಯ ಮೇಲೆ. ಐದು ತಿಂಗಳು ಇರಬೇಕು.

ಕುಡುಗೋಲು ಕೆಳಗಿಳಿಯಿತು.

ನಾನು ಯಮನೂರ. ಸಿಂಧನೂರು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ ಇದೆ. ಕ್ಯಾಮೆರಾ ಕೂರಿಸುತ್ತೇನೆ. ಕಳೆದ ಫೋನ್ ಹುಡುಕುತ್ತೇನೆ. ಬೆದರಿಕೆ ಮೆಸೇಜ್ ಯಾವ ಪುಣ್ಯಾತ್ಮನದು ಅಂತ ಪತ್ತೆ ಹಚ್ಚುತ್ತೇನೆ. ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದವರು ನನ್ನ ಅಂಗಡಿಗೆ ಬರುತ್ತಾರೆ.

ವಿಜಯಶ್ರೀ ಲಿಂಗಸುಗೂರಿನ ದೊಡ್ಡ ಮನೆಯ ಮಗಳು. ಅವಳ ಅಣ್ಣ ವೀರೇಂದ್ರನದು ಇಂಟರ್ನೆಟ್ ಕಂಪನಿ. ಲಿಂಗಸುಗೂರು, ಮಸ್ಕಿ, ಸಿಂಧನೂರು... ಮೂರು ಊರಲ್ಲೂ ಅರ್ಧ ಮನೆಗಳಿಗೆ ಅವನದೇ ವೈರು. ಕುಡುಗೋಲು ಹಿಡಿದವನು ಅವಳ ಗಂಡ, ತಪನ್ ಮಂಡಲ್. ಸಿಂಧನೂರಿನ ಹತ್ತಿರದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನು. ಭತ್ತ ಕೊಯ್ಯುವ ಮಷಿನ್ ಡ್ರೈವರ್. ಅವರ ಗದ್ದೆ ಕೊಯ್ಯಲು ಬಂದಿದ್ದ. ಹೋಗುವಾಗ ಮನೆಯ ಮಗಳೂ ಜೊತೆಗೆ ಹೋದಳು. ಅಣ್ಣ ಸುಮ್ಮನಿರುತ್ತಾನೆಯೇ?

ಮುದಗಲ್ಲಿನಲ್ಲಿ ಮನೆ ಹಿಡಿದರು. ಹತ್ತು ದಿನಕ್ಕೆ ಬಾಗಿಲಿಗೆ ಬೊಲೆರೋ ಬಂತು. ಹಿಂದಿನ ಗೋಡೆ ಹಾರಿ ತಪ್ಪಿಸಿಕೊಂಡರು. ಸಿಂಧನೂರಿಗೆ ಬಂದರು. ಮತ್ತೆ ಹತ್ತು ದಿನ... ಬೊಲೆರೋ! ಈ ಸಲ ಕಬ್ಬಿಣದ ರಾಡು. ಓಣಿಯ ಜನ ಸೇರಿ ಬಿಡಿಸುವಷ್ಟರಲ್ಲಿ ತಪನ್ನನ ಕಾಲು ಮುರಿದಿತ್ತು. ಆಸ್ಪತ್ರೆಯಿಂದ ಹೊರಬಿದ್ದು ಅಲ್ಲಿ ಇಲ್ಲಿ ಅಲೆದ ಮೇಲೆ, ವಾರದಿಂದ ಮಸ್ಕಿ. ಸುಭಾನಬಿ ಎಂಬ ಮುದುಕಿಯ ಮನೆಯ ಮಾಳಿಗೆ.

ಮಷಿನ್ ಹತ್ತಲಾರದ ಗಂಡ. ಅವಳೇ ಆನ್‌ಲೈನ್ ಟ್ಯೂಷನ್ ಹೇಳಿ ಮನೆ ನಡೆಸಬೇಕು. ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಇದ್ದದ್ದು ಸುಭಾನಬಿಯ ಹೆಸರಿನ ಒಂದೇ ಕನೆಕ್ಷನ್.

ಅದೂ ವೀರೇಂದ್ರನದೇ!

"ಹೆಂಗ ಹುಡುಕ್ತಾರ ಯಮನೂರಣ್ಣ? ನಾವು ಯಾರಿಗೂ ಹೇಳಂಗಿಲ್ಲ."

ಗೋಡೆಯ ಮೇಲೆ ಹಸಿರು ದೀಪ ಮಿಟುಕಿಸುತ್ತಿದ್ದ ರೂಟರ್ ತೋರಿಸಿದೆ.

"ಇದು ಹೇಳ್ತೈತಿ. ಇದರ ಚಾವಿ ನಿಮ್ಮ ಕಡೆ ಇಲ್ಲ, ಕಂಪನಿ ಕಡೆ ಐತಿ. ಈ ಮನ್ಯಾಗ ಯಾವ ಯಾವ ಫೋನ್ ಅದಾವ ಅಂತ ಆಫೀಸಿನ್ಯಾಗ ಕುಂತು ನೋಡಬಹುದು."

"ನಿಮಗ ಹೆಂಗ ಗೊತ್ತು?" ತಪನ್ ಕೇಳಿದ.

ನಾನು ರೂಟರಿನ ವೈರು ನೋಡತೊಡಗಿದೆ. ನಿಮಗೆ ಹೇಳುತ್ತೇನೆ, ಕೇಳಿ. ನಾಲ್ಕು ತಿಂಗಳ ಹಿಂದೆ ವೀರೇಂದ್ರ ನನ್ನ ಮುಂದೆ ಒಂದು ನಂಬರ್ ಇಟ್ಟ. "ಈ ಫೋನ್ ಕಳುವಾಗೈತಿ. ಯಾರ ಮನ್ಯಾಗ ಐತಿ ನೋಡು" ಅಂದ. ಎರಡೇ ನಿಮಿಷ. ಸಿಂಧನೂರು, ಇಂಥ ಓಣಿ, ಇಂಥ ಮನೆ... ಹೇಳಿಬಿಟ್ಟೆ. ಮರುದಿನ ಯಾರದೋ ಕಾಲು ಮುರಿದ ಸುದ್ದಿ ಬಂತು. ಆ ಓಣಿಯ ಹೆಸರು ಕೇಳಿದಾಗ ನನ್ನ ಬಾಯಲ್ಲಿದ್ದ ಚಹಾ ಕಹಿಯಾಯಿತು. ಅವತ್ತೇ ಕೆಲಸ ಬಿಟ್ಟೆ.

ಬಿಟ್ಟರೆ ಕಾಲು ನೆಟ್ಟಗಾಗುತ್ತದೆಯೇ?

ಬ್ಯಾಗಿನಿಂದ ನನ್ನ ಡಬ್ಬಿ ತೆಗೆದೆ. ಊಟದ ಡಬ್ಬಿಯಷ್ಟು ದೊಡ್ಡದು. ಹಿಂದೆ ಎರಡು ತೂತು. ಒಂದರಲ್ಲಿ ಹೊರಗಿನ ವೈರು, ಇನ್ನೊಂದರಲ್ಲಿ ಒಳಗಿನದು.

"ಇದು ಫೈರ್‌ವಾಲ್ ಅಕ್ಕಾರ. ಇದರ ಚಾವಿ ನಿಮ್ಮ ಕಡೆ. ಕಂಪನಿ ಡಬ್ಬಿ ಇನ್ನ ಬರೇ ವೈರಿದ್ದಂಗ. ಅವರಿಗೆ ಈ ಡಬ್ಬಿ ಒಂದ ಕಾಣ್ತೈತಿ. ಇದರ ಹಿಂದ ಯಾರದಾರ, ಯಾವ ಫೋನ್ ಐತಿ... ಏನೂ ಕಾಣಂಗಿಲ್ಲ."

ಕಂಪನಿಯ ರೂಟರನ್ನು ಬರೇ ವೈರಾಗಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿದೆ. ಅದರ ವೈಫೈ ಸತ್ತಿತು. ನನ್ನ ಡಬ್ಬಿಯ ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ಲಾಗ್ ಓಡತೊಡಗಿತು. ಮನೆಯಿಂದ ಏನು ಹೊರಗೆ ಹೋಗುತ್ತದೆ, ಏನು ಒಳಗೆ ಬರುತ್ತದೆ, ಒಂದೊಂದೇ ಸಾಲು.

ಒಂದು ಸಾಲು ನೋಡಿ ನನ್ನ ಕೈ ನಿಂತಿತು.

ವಿಜಯಶ್ರೀಯ ಫೋನ್ ಒಂದು ವಿಳಾಸವನ್ನು ತಟ್ಟುತ್ತಿತ್ತು. ಆ ವಿಳಾಸ ನನಗೆ ಬಾಯಿಪಾಠ. ಎರಡು ವರ್ಷದ ಹಿಂದೆ ನಾನೇ ಕೊಟ್ಟದ್ದು... ಲಿಂಗಸುಗೂರಿನಲ್ಲಿ ಅವಳ ತವರುಮನೆಯ ಕ್ಯಾಮೆರಾ!

"ಅಕ್ಕಾರ... ದಿನಾ ನೋಡ್ತೀರೇನು ಇದನ್ನ?"

ಅವಳು ತಲೆ ತಗ್ಗಿಸಿದಳು. "ಸಂಜಿ ನಾಕಕ್ಕ. ಅವ್ವ ಅಂಗಳಕ್ಕ ಬರ್ತಾಳ. ಐದು ನಿಮಿಷ ನೋಡ್ತೀನಿ, ಅಷ್ಟ. ಆ್ಯಪ್ ಮೊದಲಿಂದ ನನ್ನ ಫೋನಿನ್ಯಾಗಿತ್ತು. ತೆಗಿಯೋದು ಅಣ್ಣ ಮರ್ತಾನ."

"ನಿಮ್ಮಣ್ಣ ಮರಿಯೋನಲ್ಲ. ಬೇಕಂತ ಬಿಟ್ಟಾನ. ಯಾವ ಮನಿಯಿಂದ ನೋಡ್ತೀರಿ ಅಂತ ಅಲ್ಲಿ ಬರದಿರ್ತೈತಿ. ಹೊರಗಿಂದ ಬರೋರನ್ನ ಈ ಡಬ್ಬಿ ತಡೀತೈತಿ. ನೀವ ಹೋಗಿ ಅವರ ಬಾಗಿಲು ಬಡಿದ್ರ ಏನ್ ಮಾಡ್ಲಿ?"

ಸುತ್ತುದಾರಿ ಹಾಕಿಕೊಡಬಹುದಿತ್ತು. ಬೇರೆ ಊರಿನ ವಿಳಾಸದಿಂದ ನೋಡಿದಂತೆ ಮಾಡುವುದು ಕಷ್ಟವಲ್ಲ. ಆದರೆ ಮಗಳು ದಿನಾ ಬಂದು ನೋಡುತ್ತಾಳೆಂದು ಗೊತ್ತಿರುವವನು ತಾಯಿಯನ್ನೇ ಗಾಳಕ್ಕೆ ಸಿಕ್ಕಿಸುತ್ತಾನೆ. ಇವತ್ತು ಅಂಗಳದಲ್ಲಿ ಕೂರಿಸುತ್ತಾನೆ. ನಾಳೆ ಅದೇ ಅಂಗಳದಲ್ಲಿ ಅಳಿಸುತ್ತಾನೆ. ಇವಳು ಓಡಿ ಹೋಗದೆ ಇರುತ್ತಾಳೆಯೇ?

"ಮುಚ್ಚಬೇಕು ಅಕ್ಕಾರ."

ಅವಳು ಮೊಬೈಲನ್ನು ಎದೆಗೊತ್ತಿಕೊಂಡಳು. "ಅವ್ವ ಮನ್ಯಾಗ ಇಳಕಲ್ ಸೀರಿ ಉಡಾಕಿ ಅಲ್ಲಣ್ಣ. ಈಗ ದಿನಾ ಒಂದು ಉಟ್ಟು ಬರ್ತಾಳ. ಕ್ಯಾಮೆರಾ ಕಡೆ ಮುಖ ಮಾಡಿ ಕುಂಡ್ರತಾಳ. ನನಗ ತೋರಸಾಕ..."

ಕ್ಯಾಮೆರಾ ಕೂರಿಸಿದ ದಿನ ಅವಳ ತಾಯಿ ಪಾರ್ವತೆಮ್ಮ ಕೆಳಗೆ ನಿಂತು ಕೇಳಿದ್ದರು: "ಇದರಾಗ ಯಾರು ನೋಡ್ತಾರ ತಮ್ಮಾ?" ನಾನು ಏಣಿಯ ಮೇಲಿಂದ ಹೇಳಿದ್ದೆ: "ನಿಮ್ಮ ಮಕ್ಕಳು ಎಲ್ಲಿದ್ರೂ ನೋಡಬಹುದು ಅವ್ವಾರ."

ಆ ಮಾತನ್ನು ಆ ತಾಯಿ ಗಂಟು ಕಟ್ಟಿ ಇಟ್ಟುಕೊಂಡಿದ್ದರು.

"ಇವತ್ತೊಂದು ಸಲ. ಕೈ ಮುಗೀತೀನಿ."

ಗಡಿಯಾರ ನೋಡಿದೆ. ನಾಲ್ಕಕ್ಕೆ ಒಂದು ನಿಮಿಷ. ಬುದ್ಧಿ ಬೇಡ ಅಂತಿತ್ತು. ಆದರೂ ತಲೆ ಆಡಿಸಿದೆ.

ಪರದೆಯ ಮೇಲೆ ಅಂಗಳ ಮೂಡಿತು. ಪಾರ್ವತೆಮ್ಮ ಬಂದರು. ಹಳೆಯ ಸೀರೆ. ಕೈಯಲ್ಲಿ ಮರದ ಸ್ಟೂಲು.

"ಇವತ್ತು ಇಳಕಲ್ ಉಟ್ಟಿಲ್ಲ..." ವಿಜಯಶ್ರೀ ಪಿಸುಗುಟ್ಟಿದಳು.

ಸ್ಟೂಲನ್ನು ಕ್ಯಾಮೆರಾದ ಕೆಳಗಿಟ್ಟು ಹತ್ತಿದರು. ಮುಖ ಪರದೆ ತುಂಬಿತು. ಒದ್ದೆ ಕಣ್ಣು... ತುಟಿ ಅಲುಗುತ್ತಿತ್ತು. ಆ ಕ್ಯಾಮೆರಾಕ್ಕೆ ದನಿಯಿಲ್ಲ. ವಿಜಯಶ್ರೀ ತಾಯಿಯ ತುಟಿ ನೋಡುತ್ತ ಒಂದೊಂದೇ ಮಾತು ಜೋಡಿಸಿದಳು.

"'ಬರಾಕತ್ಯಾರ... ಓಡು... ಇನ್ನ ನನ್ನ ನೋಡಬ್ಯಾಡ ಕೂಸ...'"

ಪಾರ್ವತೆಮ್ಮನ ಇನ್ನೊಂದು ಕೈ ಮೇಲೆ ಬಂತು. ಕತ್ತರಿ!

ಪರದೆ ಕಪ್ಪಾಯಿತು.

"ಅವ್ವಾ!"

ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಬೊಲೆರೋ ಹಾರ್ನ್ ಕೇಳಿತು.

"ಅಂಗಿ ಬಿಚ್ಚು!" ತಪನ್ನನಿಗೆ ಹೇಳಿದೆ. "ನಿನ್ನ ಅಂಗಿ, ನಿನ್ನ ಹೆಲ್ಮೆಟ್ ಕೊಡು. ನಾ ನನ್ನ ಬೈಕ್ ತಗೊಂಡು ಅವರ ಕಣ್ಣ ಮುಂದ ಹೋಗ್ತೀನಿ. ನೀವು ಹಿಂದಿನ ಮೆಟ್ಟಿಲಿಂದ ಇಳಿದು ಯಾವುದಾರ ಟಂಟಂ ಆಟೋ ಹತ್ರಿ. ಎಲ್ಲಿಗಂತ ನನಗ ಹೇಳಬ್ಯಾಡ್ರಿ!"

ಅವನು ಗುಂಡಿ ಬಿಚ್ಚುತ್ತಿದ್ದ. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು.

"ತಪನ್... ಸಿಂಧನೂರಿನ ಮನಿ ತೋರಿಸಿದಾವ ನಾನ."

ಅವನ ಬೆರಳುಗಳು ನಿಂತವು. ಕುಡುಗೋಲು ಅವನ ಕಾಲಬಳಿಯೇ ಬಿದ್ದಿತ್ತು. ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಅಂಗಿ ಬಿಚ್ಚಿ ನನ್ನತ್ತ ಎಸೆದ.

"ಹಾಕ್ಕೊ. ಲಗೂನ ಹೋಗು."

ವಿಜಯಶ್ರೀ ಅಲುಗಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಅವನು ಅವಳ ರಟ್ಟೆ ಹಿಡಿದು ಎಬ್ಬಿಸಿದ. ನನ್ನ ಡಬ್ಬಿಯನ್ನೂ ಕಿತ್ತು ಬ್ಯಾಗಿಗೆ ಹಾಕಿಕೊಂಡ. ಮೆಟ್ಟಿಲು ಇಳಿಯುವಾಗ ಸೊಟ್ಟ ಕಾಲಿನವನು ಬಸುರಿಗೆ ಆಸರೆಯಾಗಿದ್ದನೋ, ಅವಳೇ ಅವನಿಗೆ ಆಸರೆಯೋ... ಗೊತ್ತಾಗಲಿಲ್ಲ.

ಕೆಳಗೆ ಸುಭಾನಬಿ ಗೇಟಿಗೆ ಅಡ್ಡ ನಿಂತು ಕೂಗಾಡುತ್ತಿದ್ದಳು.

"ಯಾರ್ರೀ ನೀವು? ಗಂಡಸರಿಲ್ಲದ ಮನಿಗೆ ಹಿಂಗ ನುಗ್ಗತೀರೇನು? ನಾಚಿಕಿ ಇಲ್ಲೇನು?"

ನಾನು ಪಕ್ಕದ ಸಂದಿಯಿಂದ ಬೈಕ್ ಒದ್ದು ಹೊರಬಿದ್ದೆ.

"ಅಲ್ಲಿ ಹೊಂಟಾನಲೇ ಮಗ! ಹಿಡೀರಿ!"

ಸಿಂಧನೂರು ರೋಡು. ಎಂಬತ್ತು... ತೊಂಬತ್ತು... ಕನ್ನಡಿಯಲ್ಲಿ ಬೊಲೆರೋ ಬೆಳೆಯುತ್ತಲೇ ಇತ್ತು. ಬಂಪರ್ ಒಮ್ಮೆ ಹಿಂದಿನ ಚಕ್ರಕ್ಕೆ ತಾಗಿತು! ಬೈಕ್ ಹಾವಿನಂತೆ ಹೊರಳಿತು. ಎಡಕ್ಕೆ ಉಪಕಾಲುವೆಯ ಏರಿ ಕಂಡಿತು. ಅಗಲ ಮೂರು ಅಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಕಣ್ಣು ಮುಚ್ಚಿ ತಿರುಗಿಸಿದೆ. ಬೊಲೆರೋ ಬ್ರೇಕ್ ಕಿರುಚಿತು. ಒಂದು ಕಲ್ಲು ಹೆಲ್ಮೆಟ್ಟಿಗೆ ಬಡಿಯಿತು.

ಆರ್.ಎಚ್. ಕ್ಯಾಂಪಿನ ಹತ್ತಿರ ಏರಿ ಇಳಿದು ಬೈಕ್ ನಿಲ್ಲಿಸಿದೆ. ತಪನ್ನನ ಅಂಗಿಯಲ್ಲಿ ಕೂತು ಅತ್ತೆ. ಯಾಕೆ ಅಂತ ಕೇಳಬೇಡಿ.

ಎಂಟು ದಿನದ ಮೇಲೆ ವೀರೇಂದ್ರನ ಫೋನ್.

"ಲೇ ಯಮನೂರ. ಮನಿಗೆ ಬಾ. ಕ್ಯಾಮೆರಾ ಕೆಟ್ಟೈತಿ."

ಹೋಗಬಾರದು ಅಂತ ಗೊತ್ತಿತ್ತು. ಹೋದೆ. ಆ ಮನೆಯಲ್ಲಿ ಒಬ್ಬರಿಗೆ ನಾನು ಒಂದು ಸುದ್ದಿ ಕೊಡಬೇಕಿತ್ತು.

ವೀರೇಂದ್ರ ಒಳಗೆ ಫೋನಿನಲ್ಲಿದ್ದ. ಪಾರ್ವತೆಮ್ಮ ನೀರಿನ ಚೊಂಬು ತಂದರು. ಮಸ್ಕಿಯ ಸುದ್ದಿ ಕಿವಿಗೆ ಬಿದ್ದಿತ್ತೇನೋ, ಕೈಗೆ ಕೊಡುವಾಗ ಬಗ್ಗಿ ಕೇಳಿದರು.

"ನೋಡಿದ್ಲೇನು?"

"ನೋಡಿದ್ರು ಅವ್ವಾರ. ಹೋದ್ರು. ಸಿಗಲಿಲ್ಲ."

"ಸೊರಗ್ಯಾಳೇನು?"

"ಇಲ್ರೀ. ಮೈ ತುಂಬಿಕೊಂಡಾರ... ಐದು ತಿಂಗಳು."

ಪಾರ್ವತೆಮ್ಮ ಬೆರಳು ಮಡಚಿ ತಿಂಗಳು ಎಣಿಸಿದರು. ಆಕೆಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಮಗಳು ತಾಯಿಯನ್ನು ನೋಡಿದ್ದಳು. ತಾಯಿ ಮಗಳನ್ನು ನೋಡಿರಲಿಲ್ಲ.

"ಕುಬಸ ಯಾರು ಮಾಡ್ತಾರ ಅಕಿಗಿ?"

ಹಸಿರು ಸೀರೆ, ಹಸಿರು ಬಳೆ. ಚೊಚ್ಚಲ ಬಸುರಿಗೆ ತವರಿನವರು ಮಾಡಬೇಕಾದದ್ದು. ನಾನು ಚೊಂಬು ಕೆಳಗಿಟ್ಟೆ. ಆಕೆ ಹೋಗಿ ಕಂಬಕ್ಕೆ ಒರಗಿ ಕೂತರು.

ವೀರೇಂದ್ರ ಬಂದ. ಕಣ್ಣ ಕೆಳಗೆ ಕಪ್ಪು. ಗಡ್ಡ ಬೋಳಿಸಿರಲಿಲ್ಲ.

"ಮಸ್ಕ್ಯಾಗ ಹೆಲ್ಮೆಟ್ ಹಾಕ್ಕೊಂಡು ಓಡಿದಾವ ನೀನ."

"ಹೌದ್ರೀ."

"ಅವ್ವ ಇಲ್ಲಿ ಕುಂತಾಳ. ಇಲ್ಲಾಂದ್ರ ನಿನ್ನ ಕಾಲು..."

ಮಾತು ಮುಗಿಸಲಿಲ್ಲ. ಟಿ.ವಿ. ಹಚ್ಚಿದ. ಅವತ್ತಿನ ರೆಕಾರ್ಡಿಂಗ್. ಪಾರ್ವತೆಮ್ಮನ ಮುಖ ಗೋಡೆಯಷ್ಟಗಲ ಮೂಡಿತು. ತುಟಿ ಅಲುಗಿತು. ಕತ್ತರಿ. ಕಪ್ಪು. ಮತ್ತೆ ಮೊದಲಿನಿಂದ ಹಾಕಿದ.

"ಅವತ್ತಿಂದ ನನ್ನ ಜೋಡಿ ಮಾತಾಡವಲ್ಲಳು. ರೊಟ್ಟಿ ಹಾಕ್ತಾಳ, ನೀರು ಕೊಡ್ತಾಳ... ಒಂದ ಮಾತಿಲ್ಲ. ಇದರಾಗಷ್ಟ ಮಾತಾಡ್ಯಾಳ." ರಿಮೋಟ್ ನನ್ನತ್ತ ಚಾಚಿದ. "ನೀ ಅಲ್ಲಿದ್ದಿ. ತಂಗಿಗಿ ತಿಳಿದಿರ್ತೈತಿ. ಏನಂದ್ಲು ಅವ್ವ? ಹೇಳಲೇ!"

ಕಂಬದ ಕಡೆ ನೋಡಿದೆ. ಪಾರ್ವತೆಮ್ಮ ಕಣ್ಣು ಮುಚ್ಚಿಕೊಂಡಿದ್ದರು.

ಬ್ಯಾಗಿನ ಜಿಪ್ ಎಳೆದೆ. ಎದ್ದು ನಿಂತೆ.

"ಭಾಳ ಅಂದ್ರು ಧಣಿ... ಅದರಾಗ ನಿಮ್ಮ ಹೆಸರು ಮಾತ್ರ ಇರಲಿಲ್ಲ."