ಕ್ಯಾಮೆರಾ ಕಂಬ ಉರುಳಿಸಿದವರು

ಮಂಗಳವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮುಂಚೆಯೇ ದೂರುದಾರ ಬಂದು ಬೆಂಚಿನ ಮೇಲೆ ಕೂತಿದ್ದ. ವೇಗದ ಕ್ಯಾಮೆರಾಗಳ ಉಸ್ತುವಾರಿ ನೋಡುವ ಕಂಪನಿಯ ಟೆಕ್ನಿಷಿಯನ್. ಊರ ಹೊರಗಿನ ತಿರುವಿನಲ್ಲಿದ್ದ ಕ್ಯಾಮೆರಾ ಕಂಬವನ್ನು ಬೆಳಗಿನ ಜಾವ ಯಾರೋ ಎಳೆದು ಉರುಳಿಸಿದ್ದಾರೆ ಎಂಬುದು ಅವನ ದೂರು. ಲೆನ್ಸು ಒಡೆದಿದೆ, ಪೆಟ್ಟಿಗೆ ನಜ್ಜುಗುಜ್ಜಾಗಿದೆ, ತಂತಿಗಳ ಕರುಳು ಹೊರಗೆ ಬಂದಿದೆ ಎಂದು ಹೆತ್ತ ಮಗುವಿಗೆ ಪೆಟ್ಟಾದವನಂತೆ ಗೋಳಾಡಿದ.

"ಮತ್ತೇನಾದ್ರೂ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಒಂದು ಸ್ಕೂಟರ್ ಬಿದ್ದಿತ್ತು ಮೇಡಂ, ಕಂಬಕ್ಕೆ ಗುದ್ದಿ."

"ಸ್ಕೂಟರ್ ತಾನಾಗೇ ಬಂದು ಗುದ್ದಿತಾ?"

"ಯಾರೋ ಹೆಂಗಸು ಇದ್ರಂತೆ. ಆಸ್ಪತ್ರೆಗೆ ಒಯ್ದರು ಅಂದ್ರು. ಆದ್ರೆ ಮೇಡಂ, ಆ ಲೆನ್ಸು ಇಲ್ಲೆಲ್ಲೂ ಸಿಗಲ್ಲ."

ಇನ್‌ಸ್ಪೆಕ್ಟರ್ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ, ಮೊದಲು ಹೆಂಗಸಿನ ಗಾಯ ಬರೆಯಿರಿ, ಲೆನ್ಸು ಆಮೇಲೆ ಎಂದಳು. ಹೆಡ್ ಕಾನ್‌ಸ್ಟೆಬಲ್‌ಗೆ ಇಡೀ ಠಾಣೆಯಲ್ಲಿ ಮೀಸೆಯಣ್ಣ ಎಂದೇ ಹೆಸರು. ಮೀಸೆ ನೆರೆತು ಉದುರಿ ಈಗ ಬರೀ ಹೆಸರಷ್ಟೇ ಉಳಿದಿತ್ತು. ಆತ ಕಾಗದವನ್ನು ಹರಿದು ಹೊಸದಾಗಿ ಬರೆದ.

ಗಾಯಗೊಂಡವಳು ಆಸ್ಪತ್ರೆಯ ನರ್ಸ್. ಬೆಳಗಿನ ಪಾಳಿಗೆಂದು ಹೊರಟವಳು, ರಸ್ತೆಗೆ ಅಡ್ಡ ಬಿದ್ದಿದ್ದ ಕಂಬವನ್ನು ಕಾಣದೆ ಗುದ್ದಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ತಾನು ಕೆಲಸ ಮಾಡುವ ವಾರ್ಡಿನಲ್ಲೇ ಈಗ ಮಲಗಿದ್ದಳು. ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ ಎಂದರು ಡಾಕ್ಟರು.

ಸ್ಥಳದ ಪಂಚನಾಮೆಗೆ ಎದುರಿನ ಪೆಟ್ರೋಲ್ ಬಂಕಿನ ಇಬ್ಬರು ಕೆಲಸಗಾರರನ್ನು ಪಂಚರನ್ನಾಗಿ ಕರೆದರು. ಕಂಬದ ಬುಡದಲ್ಲಿದ್ದ ನಾಲ್ಕು ನಟ್ಟುಗಳಲ್ಲಿ ಎರಡನ್ನು ಸ್ಪ್ಯಾನರ್ ಹಾಕಿ ಬಿಚ್ಚಿದ್ದರು. ಉಳಿದೆರಡು ಬೋಲ್ಟುಗಳು ಎಳೆದ ರಭಸಕ್ಕೆ ತುಂಡಾಗಿದ್ದವು. ಕಂಬದ ನಡುವಿಗೆ ಹಗ್ಗ ಉಜ್ಜಿದ ಗುರುತು. ಕ್ಯಾಮೆರಾ ತೆಗೆದ ಕೊನೆಯ ಚಿತ್ರದಲ್ಲಿ ಖಾಲಿ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಬಂದವನಿಗೆ ಅದರ ಕಣ್ಣು ಯಾವ ಕಡೆಗಿದೆ ಎಂದು ಗೊತ್ತಿತ್ತು. ಬೆನ್ನ ಹಿಂದಿನಿಂದ ಬಂದಿದ್ದ. ಮಣ್ಣಿನಲ್ಲಿ ಟೈರಿನ ಅಚ್ಚು ಗುರುತೇ ಸಿಗದಷ್ಟು ಕಲಸಿಹೋಗಿತ್ತು, ಏಕೆಂದರೆ ಬಿದ್ದ ಕ್ಯಾಮೆರಾದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಆಗಲೇ ಊರಿನ ಅರ್ಧ ಜನ ಬಂದು ಹೋಗಿದ್ದರು. ಹುಲ್ಲಿನ ನಡುವೆ ಮೀಸೆಯಣ್ಣನಿಗೆ ಒಂದು ವಸ್ತು ಸಿಕ್ಕಿತು: ಬೆಂಕಿಪೊಟ್ಟಣದಷ್ಟು ದೊಡ್ಡ, ಬಿಳಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಜಪ್ತಿ ಮಾಡಿ ಸೀಲು ಹಾಕಿದರು.

ಗ್ಯಾರೇಜಿನ ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ, "ಹಿಂದಿನ ಬಂಪರಿಂದು. ಗಾಡಿ ಎಳೆಯೋ ಕೊಂಡಿ ಸಿಗಿಸೋಕೆ ಒಂದು ತೂತಿರುತ್ತಲ್ಲ, ಅದರ ಮುಚ್ಚಳ. ಸಣ್ಣ ಕಾರು," ಎಂದ.

"ಯಾರದ್ದಿರಬಹುದು?"

"ಊರಲ್ಲಿ ಇರೋದೆಲ್ಲ ಸಣ್ಣ ಬಿಳಿ ಕಾರೇ ಮೇಡಂ. ಆದ್ರೆ ಯಾರು ಮಾಡಿದ್ರೋ ಅವರ ಕೈಗೆ ಒಂದು ಮುತ್ತು ಕೊಡ್ಬೇಕು ನೋಡಿ."

ಆ ಕ್ಯಾಮೆರಾದಿಂದ ನೋಟಿಸು ಪಡೆದವರನ್ನು ಒಬ್ಬೊಬ್ಬರನ್ನಾಗಿ ಕರೆಸಲು ಶುರು ಮಾಡಿದರು. ಲೆಕ್ಕಕ್ಕೆ ಹೋದರೆ ಊರಿಗೆ ಊರೇ ಆರೋಪಿ. ಪ್ರಶ್ನೆ ಮಾತ್ರ ಚಿಕ್ಕದು: ಮಂಗಳವಾರ ಬೆಳಗಿನ ಜಾವ ಎಲ್ಲಿದ್ರಿ? ಅದಕ್ಕೆ ಉತ್ತರ ಹೇಳುವುದು ಬಿಟ್ಟು ಪ್ರತಿಯೊಬ್ಬರೂ ಯಾರೂ ಕೇಳದ ತಮ್ಮ ಅಭಿಪ್ರಾಯ ಹೇಳಿದರು.

ಸಿಮೆಂಟು ವ್ಯಾಪಾರಿ ಕಾಲ ಮೇಲೆ ಕಾಲು ಹಾಕಿ ಕೂತ. "ಕ್ಯಾಮೆರಾ ಬೇಕು ಮೇಡಂ, ಬೇಡ ಅನ್ನಲ್ಲ. ಸ್ಪೀಡಾಗಿ ಹೋಗೋವ್ರನ್ನ ಹಿಡೀಲಿ. ನಮ್ಮಂಥವರನ್ನ ಯಾಕೆ?"

"ನೀವು ಎಷ್ಟರಲ್ಲಿ ಹೋಗ್ತಿದ್ರಿ?"

"ತೊಂಬತ್ತೆರಡು. ಆದ್ರೆ ನನ್ನದು ಕಂಟ್ರೋಲಲ್ಲಿರೋ ತೊಂಬತ್ತೆರಡು."

ಟ್ಯಾಕ್ಸಿಯವನು, ಕ್ಯಾಮೆರಾ ಕಂಡ ಕೂಡಲೇ ಮುಂದಿನವನು ಬ್ರೇಕ್ ಹೊಡೀತಾನೆ, ಹಿಂದಿನವನು ಹೋಗಿ ಗುದ್ತಾನೆ, ಹಾಗಾಗಿ ಅಪಘಾತಕ್ಕೆಲ್ಲ ಕ್ಯಾಮೆರಾವೇ ಕಾರಣ ಎಂದು ಸಾಧಿಸಿದ. ಹಿಂದಿನವನು ಅಷ್ಟು ಹತ್ತಿರ ಯಾಕೆ ಇದ್ದ ಎಂದು ಕೇಳಿದ್ದಕ್ಕೆ, ಅದಕ್ಕೂ ಕ್ಯಾಮೆರಾವೇ ಕಾರಣ ಎಂದ. ಕಾಲೇಜಿನ ಪ್ರಾಧ್ಯಾಪಕಿಯೊಬ್ಬಳು ನಾಗರಿಕರ ಖಾಸಗಿತನದ ಬಗ್ಗೆ ಪಾಠವನ್ನೇ ಮಾಡಿದಳು. ಮಾಡುತ್ತಲೇ ಠಾಣೆಯ ಗೋಡೆಗೆ ಒರಗಿದ್ದವರ ಫೋಟೊ ತೆಗೆದಳು. ಬಸ್ಸಿನ ಡ್ರೈವರ್ ಒಬ್ಬನೇ ಸ್ವಲ್ಪ ಅರ್ಥವಿರುವ ಮಾತಾಡಿದ. "ಐವತ್ತರಲ್ಲಿ ಹೋದ್ರೆ ಲೇಟು ಅಂತ ಡಿಪೋದವ್ರು ಬೈತಾರೆ, ಅರವತ್ತರಲ್ಲಿ ಹೋದ್ರೆ ಕ್ಯಾಮೆರಾ ಹಿಡಿಯುತ್ತೆ. ಆ ಕ್ಯಾಮೆರಾನ ಟೈಮ್‌ಟೇಬಲ್ ಬರೆಯೋವ್ರ ಮೇಜಿನ ಮೇಲೆ ಇಡಿ ಮೇಡಂ." ಅವನೂ ಕೂಡ ಎದ್ದು ಹೋಗುವಾಗ, ಉರುಳಿಸಿದ ಪುಣ್ಯಾತ್ಮ ಚೆನ್ನಾಗಿರಲಿ ಎಂದು ಹರಸಿಯೇ ಹೋದ.

ಅವರ ಕಾರುಗಳ ಬಂಪರುಗಳನ್ನೂ ನೋಡಿದ್ದಾಯಿತು. ಮುಚ್ಚಳಗಳೆಲ್ಲ ಸ್ವಸ್ಥಾನದಲ್ಲಿದ್ದವು.

"ಎಷ್ಟು ಜನರನ್ನ ವಿಚಾರಿಸಿದ್ವಿ ಮೀಸೆಯಣ್ಣ?" ಗುರುವಾರ ಸಂಜೆ ಇನ್‌ಸ್ಪೆಕ್ಟರ್ ಕೇಳಿದಳು.

"ನಲವತ್ತರ ಹತ್ತಿರ. ಪಟ್ಟಿ ಇನ್ನೂ ಕಾಲುಭಾಗ ಮುಗಿದಿಲ್ಲ."

"ಒಬ್ಬರಾದ್ರೂ ಆ ಹೆಣ್ಣುಮಗಳು ಹೇಗಿದ್ದಾಳೆ ಅಂತ ಕೇಳಿದ್ರಾ?"

ಮೀಸೆಯಣ್ಣ ಇಲ್ಲದ ಮೀಸೆ ನೀವಿಕೊಂಡ. "ಅವಳಿಗೆ ಲೈಟ್ ಸರಿ ಇರಲಿಲ್ವೇನೋ ಅಂದ ಒಬ್ಬ."

ಸ್ಟಿಯರಿಂಗ್ ಕೈಗೆ ಸಿಕ್ಕಿದರೆ ಮನುಷ್ಯ ಎಂಥ ಪ್ರಾಣಿಯಾಗುತ್ತಾನೆ ಎಂದು ಅವಳಿಗೆ ಅಸಹ್ಯವಾಯಿತು. ಕಾರಿನ ಒಳಗಿದ್ದವನಿಗೆ ತಾನೊಬ್ಬನೇ ಜಾಣ, ಹೊರಗಿರುವವರೆಲ್ಲ ಅಡ್ಡ ಬಂದವರು. ಈ ಮಾತನ್ನು ಅವಳಿಗೆ ಹೇಳಿಕೊಟ್ಟವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಊರಿನ ಮುಕ್ಕಾಲು ಮಂದಿಗೆ ಗೇರು ಹಾಕಲು ಕಲಿಸಿದವರು ಅವರೇ, ಅವಳಿಗೂ ಅವರೇ. ಆ ತಿರುವಿನಲ್ಲಿ ಕ್ಯಾಮೆರಾ ಹಾಕಿಸಲು ಸಹಿ ಸಂಗ್ರಹಿಸಿ, ಕಚೇರಿಯಿಂದ ಕಚೇರಿಗೆ ಓಡಾಡಿದವರೂ ಅವರೇ. ಕ್ಯಾಮೆರಾ ಮೇಲೆ ಯಾರಿಗೆ ಹಲ್ಲುಮಸೆತ ಇತ್ತೆಂದು ಅವರಿಗೆ ಗೊತ್ತಿದ್ದೀತು ಎಂದುಕೊಂಡು ಮಾರನೆಯ ದಿನ ಅಲ್ಲಿಗೆ ಹೋದಳು.

ಡ್ರೈವಿಂಗ್ ಶಾಲೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಮೇಷ್ಟ್ರ ಮಗಳು ಅರ್ಜಿ ತುಂಬಿಸಿಕೊಳ್ಳುತ್ತಿದ್ದಳು. ಹಿಂದಿನ ಕೋಣೆಯ ಗೋಡೆಗಳ ತುಂಬ ರಸ್ತೆ ಚಿಹ್ನೆಗಳ ಪಟ. ಮೇಷ್ಟ್ರು ಮೇಜಿನ ಮುಂದೆ ಸುಮ್ಮನೆ ಕೂತಿದ್ದರು.

"ಬಾಮ್ಮ. ಜೀಪು ನೀನೇ ಓಡಿಸ್ಕೊಂಡು ಬಂದ್ಯಾ? ಕ್ಲಚ್ ಮೇಲೆ ಕಾಲಿಟ್ಕೊಂಡೇ ಕೂರೋ ಚಾಳಿ ಬಿಟ್ಟಿದ್ದೀಯೋ ಇಲ್ವೋ?"

"ಬಿಟ್ಟಿದ್ದೀನಿ ಮೇಷ್ಟ್ರೇ. ಕ್ಯಾಮೆರಾ ವಿಷಯಕ್ಕೆ ಬಂದೆ. ನಿಮ್ಮ ಕ್ಯಾಮೆರಾನೇ ಅಲ್ವಾ ಅದು?"

ಹಿಂದಾಗಿದ್ದರೆ ಈ ಒಂದು ಮಾತಿಗೆ ಮೇಷ್ಟ್ರು ಒಂದು ಗಂಟೆ ಊರಿನ ಡ್ರೈವರುಗಳ ಜನ್ಮ ಜಾಲಾಡುತ್ತಿದ್ದರು. ಈಗ, "ಹೌದು, ಒಳ್ಳೇದೇ ಅದು," ಎಂದಷ್ಟೇ ಹೇಳಿ ನಿಲ್ಲಿಸಿದರು. ಯಾರ ಮೇಲಾದರೂ ಅನುಮಾನ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದರು. ಅವಳು ಏಳುವಾಗ, "ಆ ನರ್ಸ್ ಹುಡುಗಿ ಹೇಗಿದ್ದಾಳಮ್ಮ?" ಎಂದರು.

"ಆಪರೇಷನ್ ಆಗಿದೆ. ಉಳಿದುಕೊಂಡಳು."

"ನಡೀತಾಳಾ?"

"ಡಾಕ್ಟರು ನೋಡೋಣ ಅಂದಿದ್ದಾರೆ."

ಹೊರಗೆ ಬಂದು ಜೀಪು ಹತ್ತಿದಾಗ ಅವಳ ಮನಸ್ಸು ಹಗುರವಾಗಿತ್ತು. "ನೋಡಿದ್ರಾ ಮೀಸೆಯಣ್ಣ, ಇಷ್ಟು ದೊಡ್ಡ ಊರಲ್ಲಿ ಅವಳನ್ನ ಕೇಳಿದ ಮನುಷ್ಯ ಇವರೊಬ್ಬರೇ."

"ಹೌದು ಮೇಡಂ. ಇವರೊಬ್ಬರೇ."

ಜೀಪು ಬೀದಿಯ ಕೊನೆ ಮುಟ್ಟಿತ್ತು. ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ, ಊರಲ್ಲಿ ಯಾರಿಗೂ ಬೇಡದ ಪ್ರಶ್ನೆ ಇವರೊಬ್ಬರಿಗೇ ಯಾಕೆ ಬೇಕಾಯಿತು ಎಂದು ಅವಳಿಗೆ ಹೊಳೆಯಿತು. ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದಳು.

ಶಾಲೆಯ ಬಿಳಿ ಕಾರು ಪಕ್ಕದ ಓಣಿಯಲ್ಲಿತ್ತು, ಹಿಂಭಾಗ ಗೋಡೆಗೆ ತಾಗುವಷ್ಟು ಒತ್ತಿ ನಿಲ್ಲಿಸಿದ್ದರು. ಮೀಸೆಯಣ್ಣ ಸಂದಿಯಲ್ಲಿ ಕೈ ತೂರಿಸಿ ಬಂಪರನ್ನು ತಡವಿದ.

"ತೂತು ಸಿಗ್ತಾ ಇದೆ ಮೇಡಂ. ಮುಚ್ಚಳ ಇಲ್ಲ."

ಪಂಚರನ್ನು ಕರೆಸಿ, ಕಾರನ್ನು ಮುಂದಕ್ಕೆ ತಳ್ಳಿಸಿ, ಸೀಲು ಒಡೆದು ಮುಚ್ಚಳವನ್ನು ಇಟ್ಟು ನೋಡಿದರು. ಟಕ್ಕೆಂದು ಕೂತಿತು. ಡಿಕ್ಕಿಯಲ್ಲಿ ಹಗ್ಗವೂ ಸಿಕ್ಕಿತು, ಸ್ಪ್ಯಾನರೂ ಸಿಕ್ಕಿತು. ಬಾಗಿಲಲ್ಲಿ ನಿಂತ ಮಗಳು, "ಅಪ್ಪಾ, ಏನಿದು?" ಎಂದು ಎರಡು ಸಲ ಕೇಳಿದಳು. ಮೇಷ್ಟ್ರು, "ಒಳಗೆ ಹೋಗಮ್ಮ," ಎಂದರು.

ವಿಚಾರಣೆ ಆ ಹಿಂದಿನ ಕೋಣೆಯಲ್ಲೇ ನಡೆಯಿತು.

"ಮಂಗಳವಾರ ಬೆಳಗಿನ ಜಾವ ಎಲ್ಲಿದ್ರಿ?"

"ತಿರುವಿನಲ್ಲಿ. ನಾನೇ ಮಾಡಿದ್ದು."

"ನೀವೇ ಹಾಕಿಸಿದ ಕ್ಯಾಮೆರಾ."

"ಹೌದು."

"ನೋಟಿಸು ಬಂತಾ?"

"ಮೂರು ಬಂತು. ಮಗಳ ಕೈಗೆ ಸಿಗದ ಹಾಗೆ ಒಲೆಗೆ ಹಾಕಿದೆ."

"ಕ್ಯಾಮೆರಾ ಸುಳ್ಳು ಹೇಳ್ತಿದೆ ಅನ್ನಿಸಿತಾ?"

ಮೇಷ್ಟ್ರು ನಕ್ಕರು. "ಸುಳ್ಳು ಹೇಳಿದ್ರೆ ಅದರ ಪಾಡಿಗೆ ಅದನ್ನ ಬಿಡ್ತಿದ್ದೆ. ಅದು ನಿಜ ಹೇಳ್ತು. ನನಗೆ ಮೀಟರಿನ ಮುಳ್ಳು ಕಾಣಲ್ಲ, ಎರಡು ವರ್ಷ ಆಯ್ತು. ಹಳೇ ಕಾರಲ್ಲಿ ಇಂಜಿನ್ ಸದ್ದಲ್ಲೇ ಸ್ಪೀಡ್ ಗೊತ್ತಾಗ್ತಿತ್ತು. ಈ ಹೊಸದಕ್ಕೆ ಬಾಯೇ ಇಲ್ಲ. ಐವತ್ತು ಅಂದ್ಕೊಂಡು ಎಪ್ಪತ್ತರಲ್ಲಿ ಹೋಗ್ತಿದ್ದೆ. ಇಷ್ಟು ದಿನ ಯಾರನ್ನ ನಾಯಿಗಿಂತ ಕಡೆ ಅಂತ ಬೈದ್ಕೊಂಡು ಬಂದೆನೋ, ಅವರ ಸಾಲಲ್ಲೇ ನನ್ನ ಫೋಟೊ."

"ಓಡಿಸೋದು ಬಿಡಬಹುದಿತ್ತು."

"ಬಿಟ್ಟು? ಗೋಡೆ ನೋಡ್ಕೊಂಡು ಕೂರೋದಾ? ಇನ್ನೊಂದು ನೋಟಿಸು ಬಂದಿದ್ರೆ ಲೈಸೆನ್ಸ್ ಆಫೀಸಿಗೆ ಕರೀತಿದ್ರು. ಕಣ್ಣು ನೋಡ್ತಿದ್ರು."

"ಕಂಬ ರಸ್ತೆಗೆ ಬೀಳುತ್ತೆ ಅಂತ ಗೊತ್ತಿರಲಿಲ್ವಾ?"

"ಪಕ್ಕಕ್ಕೆ ಬೀಳುತ್ತೆ ಅಂದ್ಕೊಂಡೆ. ಇಳಿದು ಸರಿಸೋಕೆ ನೋಡಿದೆ, ಜಗ್ಗಲಿಲ್ಲ. ದೂರದಲ್ಲಿ ಒಂದು ಬೆಳಕು ಕಾಣ್ತು. ಕಾರಿಗೆ ಓಡಿ ಹೋಗಿ ಹಾರ್ನ್ ಹೊಡೆದೆ." ಅವರ ದನಿ ಇಳಿಯಿತು. "ಆ ಹುಡುಗಿ ಹಾರ್ನ್ ಬಂದ ಕಡೆ ತಿರುಗಿ ನೋಡಿದ್ಲು. ಮುಂದೆ ನೋಡಲಿಲ್ಲ."

"ಆಮೇಲೆ?"

"ಹಾಲಿನ ವ್ಯಾನು ಬಂದು ನಿಲ್ತು. ನಾನು ಹೊರಟು ಬಂದೆ."

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಮೂರು ದಿನದಿಂದ ಎದೆಯಲ್ಲಿ ತುಂಬಿಕೊಂಡಿದ್ದ ತಿರಸ್ಕಾರಕ್ಕೆ ಈಗ ಒಂದು ಮುಖ ಸಿಕ್ಕಿತ್ತು, ಆದರೆ ಅದು ಈ ಮುಖವಾಗಬಾರದಿತ್ತು. "ಬಿದ್ದವರನ್ನ ಬಿಟ್ಟು ಹೋಗೋನು ಡ್ರೈವರಲ್ಲ, ಕಟುಕ. ಈ ಮಾತು ನನಗೆ ಇದೇ ಕೋಣೆಯಲ್ಲಿ ಹೇಳಿದ್ದು ಯಾರು?"

"ನಾನೇ," ಎಂದರು ಮೇಷ್ಟ್ರು. "ಬರ್ಕೊಳ್ಳಿ ಮೇಡಂ. ಎಲ್ಲಿ ಸಹಿ ಹಾಕಬೇಕು ತೋರಿಸಿ."

ಅದುವರೆಗೂ ಅವರು ಅವಳನ್ನು ನೀನು ಎಂದೇ ಕರೆಯುತ್ತಿದ್ದರು. ಬಂಧನದ ಪತ್ರದಲ್ಲಿ ಸಹಿಯ ಜಾಗವನ್ನು ಮೀಸೆಯಣ್ಣ ಅವರ ಬೆರಳು ಹಿಡಿದು ತೋರಿಸಬೇಕಾಯಿತು.

ಬಂಧಿಸಿದವರನ್ನು ಡಾಕ್ಟರಿಗೆ ತೋರಿಸುವುದು ನಿಯಮ. ಆಸ್ಪತ್ರೆಯಲ್ಲಿ ಅವರ ನಾಡಿ, ರಕ್ತದೊತ್ತಡ ಎಲ್ಲ ಬರೆದುಕೊಂಡ ಮೇಲೆ ಇನ್‌ಸ್ಪೆಕ್ಟರ್ ಕಣ್ಣನ್ನೂ ನೋಡಿ ಎಂದಳು. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು. ದೀಪ ಹಾಕಿ, ಬಗ್ಗಿ, ಎರಡೂ ಕಣ್ಣು ನೋಡಿ, "ಯಾಕೆ ತಾತ ಇಷ್ಟು ದಿನ ತೋರಿಸಲಿಲ್ಲ?" ಎಂದಳು.

"ತೋರಿಸಿ ಏನು ಮಾಡೋದು. ಇದು ನಮ್ಮ ಮನೆತನದ ಕುರುಡು. ನಮ್ಮಣ್ಣನಿಗೂ ಇದೇ ವಯಸ್ಸಿಗೆ ಶುರುವಾಗಿದ್ದು. ಸಾಯೋವರೆಗೂ ಕಿಟಕಿ ಹತ್ತಿರ ಒಂದು ಕುರ್ಚಿ ಮೇಲೆ ಕೂತಿದ್ದ. ಊಟ ತಟ್ಟೆಯಲ್ಲಿ ಎಲ್ಲಿದೆ ಅಂತ ನಾನೇ ಹೇಳ್ತಿದ್ದೆ. ಹಾಗೆ ಕೂರೋ ಬದಲು ಏನಾದ್ರೂ ಆಗಲಿ ಅನ್ನಿಸಿತ್ತು."

"ಕುರುಡೂ ಅಲ್ಲ, ಮನೆತನದ್ದೂ ಅಲ್ಲ," ಎಂದಳು ಡಾಕ್ಟರು, ಬರೆಯುತ್ತಲೇ. "ಪೊರೆ ಬಂದಿದೆ, ಅಷ್ಟೇ. ಬೆಳಿಗ್ಗೆ ಬಂದಿದ್ರೆ ಆಪರೇಷನ್ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗ್ತಿದ್ರಿ."

ಮೇಷ್ಟ್ರು, ಇನ್‌ಸ್ಪೆಕ್ಟರ್ ಕಡೆಗೂ ಅಲ್ಲದೆ ಡಾಕ್ಟರ ಕಡೆಗೂ ಅಲ್ಲದೆ, ಇಬ್ಬರ ನಡುವೆ ಎಲ್ಲೋ ಮುಖ ಮಾಡಿ ಕೇಳಿದರು:

"ಹಾಗಾದ್ರೆ ನಮ್ಮಣ್ಣನಿಗೂ ಇದೇ ಆಗಿತ್ತಾ?"

ಡಾಕ್ಟರು ಬರೆದ ಚೀಟಿಯನ್ನು ಹರಿದು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ಮೀಸೆಯಣ್ಣ ಅವರ ತೋಳು ಹಿಡಿದು ಮೆಟ್ಟಿಲಿಳಿಸಿದ.