ಸುಣ್ಣದ ಹುಡುಗಿ ಓದಿದ ನಾಲ್ಕು ಸಾಲು

ಮೃಗಗಳು ಮನುಷ್ಯರ ಮಾತಾಡುತ್ತಿದ್ದ ಕಾಲದಲ್ಲಿ ಮಣಿಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಚಂದ್ರಕೀರ್ತಿ ಎಂಬ ರಾಜ ಆಳುತ್ತಿದ್ದ. ರಾಜ ಕೆಟ್ಟವನಲ್ಲ, ಆದರೆ ಅಂಜುಬುರುಕ. ಅವನ ಅಂಜಿಕೆಯನ್ನು ಚೆನ್ನಾಗಿ ಬಲ್ಲವನು ವಕ್ರನಾಥ ಎಂಬ ಮಾಂತ್ರಿಕ.

ವಕ್ರನಾಥನಿಗೆ ಒಂದು ವಿದ್ಯೆ ಗೊತ್ತಿತ್ತು. ಯಾರೋ ಕಟ್ಟಿದ ಪದ್ಯವನ್ನು ಅವನು ಸಭೆಯಲ್ಲಿ ಓದಿ ಒಂದು ಅರ್ಥ ಹೇಳುತ್ತಿದ್ದ. ಸಭೆ ಸುಮ್ಮನಿದ್ದರೆ ಆ ಅರ್ಥ ಪದ್ಯ ಕಟ್ಟಿದವನ ಮೈಮೇಲೆ ನಿಜವಾಗಿಬಿಡುತ್ತಿತ್ತು. ಹೆಂಡತಿಗೆ "ನಿನ್ನ ನೆರಳಾಗಿರುವೆ" ಎಂದು ಬರೆದ ನೇಕಾರ ನೆರಳಾಗಿ ಅರಮನೆಯ ಗೋಡೆಗೆ ಅಂಟಿಕೊಂಡ. "ನಿನ್ನ ಕಾಲಿನ ಗೆಜ್ಜೆ ನಾನು" ಎಂದು ಹಾಡಿದ ಗಾಣಿಗ ಗೆಜ್ಜೆಯಾಗಿ ಮಾಂತ್ರಿಕನ ಪೆಟ್ಟಿಗೆ ಸೇರಿದ. ರಾಜ ಸುಮ್ಮನಿದ್ದ, ಮಂತ್ರಿಗಳು ಸುಮ್ಮನಿದ್ದರು. ಜನ ಪದ್ಯ ಕಟ್ಟುವುದನ್ನೇ ಬಿಟ್ಟರು. ಗಂಡ ಹೆಂಡಿರು ಸಹ ಉಪ್ಪು, ಸೌದೆ, ಹಿಟ್ಟು ಬಿಟ್ಟು ಬೇರೆ ಮಾತಾಡಲು ಹೆದರುವಂತಾಯಿತು.

ಊರಾಚೆ ಸುಣ್ಣದ ಗೂಡು ಇಟ್ಟುಕೊಂಡು ಕೆಂಚವ್ವ ಎಂಬ ಹುಡುಗಿ ಬದುಕುತ್ತಿದ್ದಳು. ಹದಿನಾರನೆಯ ವರ್ಷದಲ್ಲಿ ತಂದೆ ತಾಯಿ ಇಬ್ಬರನ್ನೂ ಒಂದೇ ಜ್ವರ ಕೊಂಡೊಯ್ದಿತ್ತು. ಅಂದಿನಿಂದ ಕಲ್ಲು ಒಡೆದು, ಗೂಡಿಗೆ ತುಂಬಿ, ಬೆಂಕಿ ಕಾದು, ಸುಣ್ಣ ಮಾರಿ ಒಬ್ಬಳೇ ಬಾಳುತ್ತಿದ್ದಳು. ಕೆಲಸ ಗಟ್ಟಿ, ಸಿಟ್ಟು ಇನ್ನೂ ಗಟ್ಟಿ. ಅವಳೆದುರು ಚೌಕಾಸಿ ಮಾಡಲು ಊರಿನ ದೊಡ್ಡವರೂ ಹಿಂಜರಿಯುತ್ತಿದ್ದರು.

ದ್ಯಾಮಣ್ಣ ಎಂಬ ಗೌಂಡಿ ಮಾತ್ರ ಹಿಂಜರಿಯುತ್ತಿರಲಿಲ್ಲ. ಊರಿನವರ ಮನೆಗೆಲ್ಲ ಗೋಡೆ ಎಬ್ಬಿಸುವವನು ಅವನೇ. ಸುಣ್ಣಕ್ಕೆಂದು ವಾರಕ್ಕೊಮ್ಮೆ ಬರುತ್ತಿದ್ದ. ಅವಳು ಬೈದರೆ ನಗುತ್ತಾ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದ. ಒಂದು ದಿನ ಅವನು ಹಲಗೆಕಲ್ಲಿನ ಮೇಲೆ ಮೊಳೆಯಿಂದ ನಾಲ್ಕು ಸಾಲು ಗೀಚಿ, ಅವಳ ಗೂಡಿನ ಬಾಯಲ್ಲಿಟ್ಟು ಹೋದ:

ಸುಟ್ಟ ಕಲ್ಲು ನೀನು, ನಾನು ಬರಿಯ ನೀರು.
ಬಂದು ಸೋಕಿದರೆ ಬುಸುಗುಟ್ಟುವೆ, ಕುದಿಯುವೆ.
ಕುದಿ, ಹುಡುಗಿ, ಕುದಿ, ನನಗೇನು ಅವಸರ?
ನನ್ನ ಮನೆಯ ಗೋಡೆಗಳಿನ್ನೂ ಬೋಳಾಗಿವೆ.

ಒಂದು ಸಲ ಓದಿ ಕೆಂಚವ್ವನಿಗೆ ಮೈಯೆಲ್ಲ ಉರಿಯಿತು. "ನಾನು ಸುಟ್ಟ ಕಲ್ಲಾ? ಬರಲಿ ಅವನು!" ಎಂದು ಹಲಗೆಯನ್ನು ನೆಲಕ್ಕೆ ಕುಕ್ಕಿದಳು. ಆಮೇಲೆ ಎತ್ತಿಕೊಂಡು ಇನ್ನೊಂದು ಸಲ ಓದಿದಳು. ಮೂರನೆಯ ಸಾಲಿಗೆ ಬಂದಾಗ ತುಟಿಯಂಚಿನಲ್ಲಿ ಏನೋ ಸಡಿಲಾಯಿತು. ಅಷ್ಟರಲ್ಲಿ ರಾಜಭಟರು ಬಂದು ಹಲಗೆಯನ್ನು ಕಿತ್ತುಕೊಂಡರು. ಯಾರೋ ಚಾಡಿ ಹೇಳಿದ್ದರು.

ದ್ಯಾಮಣ್ಣನನ್ನೂ ಹಿಡಿದು ತಂದು ಸಭೆಯಲ್ಲಿ ನಿಲ್ಲಿಸಿದರು. ವಕ್ರನಾಥ ನಾಲ್ಕು ಸಾಲನ್ನೂ ಓದಿದ. "ಸುಟ್ಟ ಕಲ್ಲು ಎಂದರೆ ಸುಟ್ಟುಹೋದ ಕೋಟೆ. ಕುದಿ ಎಂದರೆ ದಂಗೆ ಏಳು. ಬೋಳು ಗೋಡೆ ಎಂದರೆ ಅರಮನೆಯನ್ನು ದೋಚುವ ಆಸೆ. ತಾನು ಬರಿಯ ನೀರು ಎಂದು ಅವನೇ ಒಪ್ಪಿಕೊಂಡಿದ್ದಾನೆ. ನೀರೇ ಆಗಲಿ!" ಎಂದ. ಸಭೆ ಸುಮ್ಮನಿತ್ತು. ದ್ಯಾಮಣ್ಣ ನಿಂತಲ್ಲೇ ಕರಗಿ ನೀರಾದ. ಭಟರು ಆ ನೀರನ್ನು ತಾಮ್ರದ ಕೊಡಕ್ಕೆ ತುಂಬಿ ಸಭೆಯ ನಡುವೆ, ಬಿಸಿಲು ಬೀಳುವ ಅಂಗಳದಲ್ಲಿಟ್ಟರು. ಮೂರು ದಿನಕ್ಕೆ ಅದು ಆರಿಹೋಗುವುದಿತ್ತು.

ಆದರೆ ಆ ಮಂತ್ರಕ್ಕೂ ಒಂದು ಕಟ್ಟಳೆ ಇತ್ತು. ಕೊನೆಯ ಹನಿ ಆರುವ ಮೊದಲು ಯಾರಾದರೂ ಬೇರೆ ಅರ್ಥ ಹೇಳಲು ಬಂದರೆ ಸಭೆ ಕೇಳಲೇಬೇಕು. ಯಾರೂ ಬರಬಾರದೆಂದೇ ವಕ್ರನಾಥ ಅರಮನೆಯ ಎರಡು ಬಾಗಿಲಿಗೂ ಮಾಯದ ಕಾವಲು ಹಾಕಿದ್ದ.

ಮೂರನೆಯ ದಿನ ಬೆಳಿಗ್ಗೆ ಸುದ್ದಿ ಕೇಳಿದ ಕೆಂಚವ್ವ ಅಳಲಿಲ್ಲ. ಗೂಡಿನಿಂದ ಆಗಷ್ಟೇ ತೆಗೆದ ಸುಟ್ಟ ಕಲ್ಲನ್ನು ಬುಟ್ಟಿ ತುಂಬ ತುಂಬಿ ತಲೆಯ ಮೇಲಿಟ್ಟುಕೊಂಡಳು. ದಾರಿಯಲ್ಲಿ ಜನ ತಡೆದರು. "ಬೇಡ ಕಣವ್ವ, ನೀನೂ ಏನಾದರೂ ಆಗಿಬಿಡ್ತೀಯ!"

"ಆ ಪದ್ಯ ನನಗೆ ಬರೆದಿದ್ದು. ಅದರ ಅರ್ಥ ಹೇಳೋಕೆ ಅವನ್ಯಾರು?" ಎಂದು ಅವಳು ನಡೆದೇ ನಡೆದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ ಕೂತಿತ್ತು. ಅವಳನ್ನು ಕಂಡು ಎದ್ದು ನಿಂತಿತು.

"ಮೊದಲ ಸಾಲಿನ ಅರ್ಥ ಹೇಳಿ ಒಳಗೆ ಹೋಗು. ಸುಟ್ಟ ಕಲ್ಲು ಎಂದರೆ ಏನು? ತಪ್ಪಿದರೆ ನುಂಗುತ್ತೇನೆ" ಎಂದಿತು.

"ನೀನೇ ಹೇಳು ನೋಡೋಣ" ಎಂದಳು ಕೆಂಚವ್ವ.

"ಸತ್ತ ಕಲ್ಲು. ಎದೆಯಿಲ್ಲದ್ದು, ಜೀವವಿಲ್ಲದ್ದು. ಅವನು ನಿನ್ನನ್ನು ಹಳಿದಿದ್ದಾನೆ."

ಕೆಂಚವ್ವ ಬುಟ್ಟಿಯಿಂದ ಒಂದು ಚೂರು ತೆಗೆದು ಹುಲಿಯ ಮುಂದಿಟ್ಟಳು. "ಸತ್ತಿದೆಯಾ? ನೆಕ್ಕಿ ನೋಡು."

ಹುಲಿ ನಾಲಿಗೆ ಚಾಚಿ ನೆಕ್ಕಿತು. ಎಂಜಲು ತಾಗಿದ್ದೇ ತಡ, ಕಲ್ಲು ಚುರ್ ಎಂದು ಹೊಗೆ ಎಬ್ಬಿಸಿ ಕುದಿಯಿತು. ಹುಲಿ ಬೆಕ್ಕಿನ ಹಾಗೆ ಕಿರುಚಿ ಹಿಂದಕ್ಕೆ ನೆಗೆಯಿತು.

"ಕೇಳು, ಹುಲಿಯಣ್ಣ," ಎಂದಳು ಕೆಂಚವ್ವ. "ಇದು ಮೂರು ಹಗಲು ಬೆಂಕಿಯಲ್ಲಿ ಕೂತು ಬಂದಿದೆ. ಒಂದು ಹನಿಯೂ ಇಲ್ಲದ ಹಾಗೆ ಒಣಗಿದೆ. ಇದರಷ್ಟು ಬಾಯಾರಿದ್ದು ಲೋಕದಲ್ಲಿ ಇನ್ನೊಂದಿಲ್ಲ. ಅಪ್ಪ ಅವ್ವ ಹೋದಾಗಿನಿಂದ ನಾನು ಹೀಗೇ ಇದ್ದೆ. ಊರೆಲ್ಲ ನನ್ನನ್ನು ಬಜಾರಿ ಅಂದಿತು. ಅವನೊಬ್ಬ ನನ್ನ ಬಾಯಾರಿಕೆ ನೋಡಿದ. ಸುಟ್ಟ ಕಲ್ಲು ಅಂದರೆ ನೀರಿಗೆ ಕಾದಿರೋ ಕಲ್ಲು."

ಆ ಮಾತು ಅವಳಿಗೂ ಹೇಳುತ್ತ ಹೇಳುತ್ತಲೇ ತಿಳಿದದ್ದು. ಹುಲಿ ಉರಿಯುವ ನಾಲಿಗೆಯನ್ನು ಒಳಗೆಳೆದುಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹಿತ್ತಾಳೆಯ ಗೊರವಂಕ ಹಕ್ಕಿ ಕೂತಿತ್ತು. ಅದಕ್ಕೆ ನೂರು ಗಂಟಲು. ಯಾರ ದನಿಯನ್ನು ಬೇಕಾದರೂ ಆಡುತ್ತಿತ್ತು.

"ಮೂರನೆಯ ಸಾಲನ್ನು ಅವನು ಯಾವ ದನಿಯಲ್ಲಿ ಹೇಳಿದ? ಗುರುತಿಸು. ತಪ್ಪಿದರೆ ನಿನ್ನ ದನಿ ನನ್ನದು" ಎಂದಿತು ಹಕ್ಕಿ.

ಆಮೇಲೆ ದ್ಯಾಮಣ್ಣನ ಗಂಟಲಿನಲ್ಲೇ ಕೂಗತೊಡಗಿತು. "ಕುದಿ, ಹುಡುಗಿ, ಕುದಿ!" ಎಂದು ಶಾಪ ಹಾಕಿತು. "ಕುದಿ, ಹುಡುಗಿ, ಕುದಿ!" ಎಂದು ಹಂಗಿಸಿತು. ಯಜಮಾನನಂತೆ ಗದರಿತು, ಅಂಗಲಾಚಿತು, ಹಲ್ಲು ಕಡಿಯಿತು. ಒಂದೊಂದೂ ಅವನದೇ ದನಿ. ಕೆಂಚವ್ವನಿಗೆ ಅನುಮಾನ ಬಂತು. ಅವನು ನಿಜವಾಗಿಯೂ ಹಂಗಿಸಿದ್ದರೆ? ತಾನು ಮೊದಲು ಓದಿದಾಗ ಕೇಳಿಸಿದ್ದೂ ಇದೇ ಅಲ್ಲವೇ? ಅವಳು ಕಣ್ಣು ಮುಚ್ಚಿ ಸಾಲನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡಳು. ಮೊದಲಿನಿಂದ, ಪೂರ್ತಿಯಾಗಿ.

"ಎಲೆ ಹಕ್ಕಿ, ಮೋಸ ಮಾಡಬೇಡ. ನೀನು ಸಾಲನ್ನು ಕತ್ತರಿಸಿದ್ದೀಯ. ಪೂರ್ತಿ ಹೇಳು."

"ಹೇಳಿದರೇನಂತೆ?" ಎಂದು ಹಕ್ಕಿ ಶಾಪದ ದನಿ ತೆಗೆಯಿತು. "ಕುದಿ, ಹುಡುಗಿ, ಕುದಿ! ನನಗೇನು ಅವ..." ಅಲ್ಲಿಗೆ ದನಿ ಮುಗ್ಗರಿಸಿತು. ಶಾಪ ಹಾಕುವವನಿಗೆ ಇಷ್ಟು ಸಮಾಧಾನ ಇರುತ್ತದೆಯೇ? ಹಂಗಿಸುವ ದನಿಯಲ್ಲಿ ಪ್ರಯತ್ನಿಸಿತು. ಅದೂ ಅಲ್ಲಿಗೇ ಬಂದು ಒಡೆಯಿತು. ಗದರುವ ದನಿಯೂ ಅಂಗಲಾಚುವ ದನಿಯೂ ಆ ಎರಡು ಮಾತನ್ನು ದಾಟಲಿಲ್ಲ. ನೂರು ಗಂಟಲೂ ಸೋತವು.

"ನಿನ್ನ ಹತ್ತಿರ ಆ ದನಿ ಇಲ್ಲ" ಎಂದಳು ಕೆಂಚವ್ವ. "ಅವನು ನಗುತ್ತಿದ್ದಾನೆ. ಆದರೆ ನನ್ನನ್ನು ನೋಡಿ ನಗುತ್ತಿಲ್ಲ, ನನ್ನ ಜೊತೆ ನಗೋಕೆ ಕಾಯುತ್ತಿದ್ದಾನೆ. ನಾನು ಎಷ್ಟು ಹೊತ್ತು ರೇಗಿದರೂ ಅವನು ಎದ್ದು ಹೋಗುವವನಲ್ಲ. ಹೀಗೆ ಹೇಳಬೇಕು." ಹೇಳಿ ಆ ಸಾಲನ್ನು ಮೆಲ್ಲಗೆ, ಪೂರ್ತಿಯಾಗಿ ಹೇಳಿದಳು.

ಹಕ್ಕಿ ಕತ್ತು ಓರೆ ಮಾಡಿ ಕೇಳಿತು. "ಇಂಥ ದನಿ ಈ ಅರಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಯಿತು" ಎಂದು ಬಾಗಿಲು ಬಿಟ್ಟು ಹಾರಿತು.

ಕೆಂಚವ್ವ ಸಭೆ ಹೊಕ್ಕಾಗ ಮೂರನೆಯ ದಿನದ ಮಧ್ಯಾಹ್ನ. ಕೊಡದ ತಳದಲ್ಲಿ ಎರಡು ಬೊಗಸೆ ನೀರು ಉಳಿದಿತ್ತು.

"ಹೋ, ಸುಣ್ಣದವಳು!" ಎಂದ ವಕ್ರನಾಥ. "ಓದು ಬರಹ ಬಲ್ಲ ಪಂಡಿತರೇ ನನ್ನೆದುರು ಬಾಯಿ ಬಿಡುವುದಿಲ್ಲ. ನೀನು ಅರ್ಥ ಹೇಳುತ್ತೀಯಾ?"

"ಹೇಳುತ್ತೇನೆ ಸ್ವಾಮಿ. ಊರಿಗೆಲ್ಲ ಗೋಡೆ ಕಟ್ಟೋನು ದ್ಯಾಮಣ್ಣ. ತನ್ನ ಮನೆ ಗೋಡೆಗೆ ಸುಣ್ಣ ಬಳಿಯೋಕೆ ಅವನಿಗೆ ಅರ್ಧ ದಿನ ಸಾಕು. ಆದರೂ ಬೋಳಾಗಿ ಬಿಟ್ಟಿದ್ದಾನೆ. ಯಾಕೆ?" ಅವಳು ಸಭೆಯ ಕಡೆ ತಿರುಗಿದಳು. "ನಿಮ್ಮನ್ನೇ ಕೇಳುತ್ತಿದ್ದೇನೆ. ಯಾರಾದರೂ ಹೇಳಿ."

ಯಾರೂ ತುಟಿ ಬಿಚ್ಚಲಿಲ್ಲ. ಮಂತ್ರಿಗಳು ನೆಲ ನೋಡಿದರು. ರಾಜ ಉಗುರು ನೋಡಿಕೊಂಡ. ವಕ್ರನಾಥ ಮುಗುಳ್ನಕ್ಕ.

"ಇವನ ಅರ್ಥದಲ್ಲಿ ಬಲವಿಲ್ಲ," ಎಂದು ಕೆಂಚವ್ವ ಕೂಗಿದಳು, "ಬಲ ಇರೋದು ನಿಮ್ಮ ಮೌನದಲ್ಲಿ! ಪ್ರೀತಿ ಮಾಡಿದವರು ಒಬ್ಬರೂ ಇಲ್ಲವಾ ಇಲ್ಲಿ? ಏನು ಕೇಳುತ್ತಿದ್ದಾನೆ ಅವನು?"

ಆಗ ಅಡುಗೆಮನೆಯ ಬಾಗಿಲಿನಿಂದ ಬೈಲವ್ವ ಎಂಬ ಮುದುಕಿ, ಕೈಯಲ್ಲಿ ಸೌಟು ಹಿಡಿದೇ, ಗಟ್ಟಿಯಾಗಿ ಹೇಳಿದಳು: "ಮದುವೆಗೆ ಕೇಳ್ತಾವ್ನೆ ಕಣವ್ವ! ಇಷ್ಟೂ ತಿಳಿಯಲ್ವಾ? ನನ್ನ ಗಂಡನೂ ಹಿಂಗೇ ಸುತ್ತಿ ಬಳಸಿ ಕೇಳಿದ್ದ."

ಎಲ್ಲೋ ಒಬ್ಬ ಭಟ ಕಿಸಕ್ಕನೆ ನಕ್ಕ. ಇನ್ನೊಬ್ಬ ನಕ್ಕ. ರಾಜ ತಲೆಯೆತ್ತಿ, ನಡುಗುವ ದನಿಯಲ್ಲಿ, "ನನಗೂ... ನನಗೂ ಹಾಗೇ ಅನ್ನಿಸುತ್ತದೆ" ಎಂದ.

ವಕ್ರನಾಥನ ಮುಖ ಕಪ್ಪಿಟ್ಟಿತು. "ಹಾಗಾದರೆ ಪರೀಕ್ಷೆ ಆಗಲಿ! ಆ ನೀರನ್ನು ನಿನ್ನ ಸುಟ್ಟ ಕಲ್ಲಿನ ಮೇಲೆ ಸುರಿ. ನಿನ್ನ ಅರ್ಥ ನಿಜವಾದರೆ ಅವನು ಎದ್ದು ಬರುತ್ತಾನೆ. ನನ್ನದು ನಿಜವಾದರೆ ಹಬೆಯಾಗಿ ಹೋಗುತ್ತಾನೆ. ಧೈರ್ಯವಿದೆಯಾ?"

ಕೆಂಚವ್ವ ಬುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿದಳು. ಕೊಡ ಎತ್ತಿದಳು. ಒಂದು ಹನಿ ಬಿಡದೆ ಸುರಿದಳು.

ಕಲ್ಲು ಬುಸುಗುಟ್ಟಿತು. ಬಿರಿಯಿತು, ಸಿಡಿಯಿತು, ಕೊತಕೊತ ಕುದಿಯಿತು. ಬಿಳಿಯ ಹಬೆ ಅರಮನೆಯ ಮಾಡಿನವರೆಗೂ ಏರಿತು. "ಹೋದ! ನೋಡಿ, ಹಬೆಯಾಗಿ ಹೋದ!" ಎಂದು ವಕ್ರನಾಥ ಕುಣಿದಾಡಿದ. ಜನ ಅಯ್ಯೋ ಎಂದರು. ಬೈಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಂಚವ್ವ ಕದಲಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ಯಾರನ್ನೂ ಬೈಯದೆ, ಏನನ್ನೂ ಕುಕ್ಕದೆ, ಕಾದು ನಿಂತಳು. "ನೀವೆಲ್ಲ ಇದನ್ನು ಕುದಿಯೋದು ಅಂತೀರಿ," ಎಂದಳು. "ನಾವು ಸುಣ್ಣದವರು ಅರಳೋದು ಅಂತೀವಿ. ಅರಳೋಕೆ ಹೊತ್ತು ಬೇಕು."

ಹಬೆ ತೆಳುವಾಯಿತು. ಸದ್ದು ಇಳಿಯಿತು. ಕಲ್ಲಿದ್ದ ಜಾಗದಲ್ಲಿ ಬೆಣ್ಣೆಯಂಥ ಸುಣ್ಣದ ರಾಶಿ. ಆ ರಾಶಿ ಒಮ್ಮೆ ಅಲುಗಿತು. ಅದರೊಳಗಿಂದ, ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ, ಕೆಮ್ಮುತ್ತ ದ್ಯಾಮಣ್ಣ ಎದ್ದು ಕೂತ. ಕಣ್ಣುಗಳು ಮಾತ್ರ ಕಪ್ಪಗೆ ಮಿನುಗುತ್ತಿದ್ದವು.

"ಅಲ್ಲಯ್ಯ," ಎಂದು ಕೆಂಚವ್ವ ರೇಗಿದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, "ನೇರವಾಗಿ ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?"

"ಕೇಳಿದ್ದರೆ ನೀನು ಸೌದೆ ತಗೊಂಡು ನನ್ನ ಓಡಿಸ್ತಿದ್ದೆ" ಎಂದ ದ್ಯಾಮಣ್ಣ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ವಕ್ರನಾಥ ಕೈಯೆತ್ತಿ ಮಂತ್ರ ಕೂಗಿದ, ಯಾರೂ ಸುಮ್ಮನಾಗಲಿಲ್ಲ. ಇನ್ನೂ ಜೋರಾಗಿ ಕೂಗಿದ. ಅದು ಬರೀ ಗದ್ದಲವಾಗಿ ಕೇಳಿಸಿತು, ಒಂದು ಮಾತಿಗೂ ಅರ್ಥವಿರಲಿಲ್ಲ. ಕೊನೆಗೆ ಬೈಲವ್ವ ಸೌಟು ಎತ್ತಿಕೊಂಡು ಅವನತ್ತ ನಡೆದಾಗ ಅವನು ಬಾಗಿಲು ದಾಟಿ ಓಡಿದ. ಕಲ್ಲಿನ ಹುಲಿ ಅವನನ್ನು ರಾಜ್ಯದ ಎಲ್ಲೆಯವರೆಗೂ ಅಟ್ಟಿಸಿಕೊಂಡು ಹೋಯಿತು. ಅವನನ್ನು ಆಮೇಲೆ ಯಾರೂ ಕಾಣಲಿಲ್ಲ.

ಮರುದಿನದಿಂದ ಸಭೆಯಲ್ಲಿ ಉಳಿದ ಪದ್ಯಗಳನ್ನು ಒಂದೊಂದಾಗಿ ಓದಿದರು. ನೇಕಾರನ ಪದ್ಯಕ್ಕೆ ಅವನ ಹೆಂಡತಿಯೇ ಬಂದು ಅರ್ಥ ಹೇಳಿದಳು, ಅವನು ಗೋಡೆಯಿಂದ ಇಳಿದು ಬಂದ. ಗಾಣಿಗ ಪೆಟ್ಟಿಗೆಯಿಂದ ಝಲ್ಲೆಂದು ಎದ್ದ. ಎಲ್ಲರೂ ಮನೆ ಸೇರಲು ಹನ್ನೊಂದು ದಿನ ಹಿಡಿಯಿತು. ಕೆಲವು ಪದ್ಯಗಳಿಗೆ ಎರಡೆರಡು ಅರ್ಥ ಬಂದು ಜಗಳವೂ ಆಯಿತು. ರಾಜ ಅದನ್ನು ಸಂತೋಷದಿಂದ ಕೇಳಿದ.

ಕೆಂಚವ್ವ, ದ್ಯಾಮಣ್ಣರ ಮದುವೆಗೆ ಇಡೀ ಮಣಿಗಿರಿಯೇ ಬಂದಿತ್ತು. ಅಡುಗೆ ಬೈಲವ್ವನದು. ಮದುವೆಯಾದ ಮೇಲೂ ಕೆಂಚವ್ವ ವಾರಕ್ಕೆರಡು ಸಲ ರೇಗುತ್ತಿದ್ದಳು, ಅವನು ವಾರಕ್ಕೊಂದು ಪದ್ಯ ಬರೆಯುತ್ತಿದ್ದ. ಮಕ್ಕಳು ಮರಿಗಳೊಂದಿಗೆ ಅವರು ಬಹುಕಾಲ ಬಾಳಿದರು. ಮಣಿಗಿರಿಯ ಜನ ಮತ್ತೆಂದೂ ಮಾತಿಗೆ ಹೆದರಲಿಲ್ಲ.