ಎಲ್ಲಿಗೆ ಅಂತ ಕೇಳಬಾರದು

"ಗಾಡಿ ಬಿಚ್ಚು, ಕಟ್ಟು, ಏನ್ ಬೇಕಾದ್ರೂ ಮಾಡ್ಕೋ," ಎಂದರು ತುಳಸಮ್ಮ. "ಆದ್ರೆ ಅದರೊಳಗೆ ಕೂತಿರೋರನ್ನ ಎಲ್ಲಿಗೆ ಅಂತ ಮಾತ್ರ ಕೇಳಬೇಡಪ್ಪ."

ಸಮರ್ಥ ಟಾರ್ಪಾಲಿನ ತುದಿ ಹಿಡಿದು ನಿಂತಿದ್ದ. ಹೆಂಡತಿ ಧೃತಿಯ ಸೋದರತ್ತೆ, ಎಂಬತ್ತು ದಾಟಿದವರು, ಮನೆಯ ಯಜಮಾನಿ. ನಗಬಾರದು ಅಂದುಕೊಂಡೇ ನಕ್ಕ.

"ಆಟೋದವರು ಬೆಳಗ್ಗಿಂದ ಸಂಜೆವರೆಗೆ ಅದನ್ನೇ ಕೇಳ್ತಾರೆ ಅತ್ತೆ. ಕೇಳಿದ್ಮೇಲೆ ಬರಲ್ಲ ಅಂತಾರೆ. ಅದಕ್ಕಿಂತ ದೊಡ್ಡ ಶಾಪ ಇದ್ಯಾ?"

ಧೃತಿಗೂ ನಗು ಬಂತು. ಅತ್ತೆಯ ಮುಖ ನೋಡಿ ಅದನ್ನು ನುಂಗಿಕೊಂಡಳು.

ಮಲ್ಲೇಶ್ವರದ ಆ ಮನೆಗೆ ಸಮರ್ಥ ಹೊಸಬ. ಬೆಳೆದದ್ದು ಎಚ್‌ಎಸ್‌ಆರ್ ಲೇಔಟಿನ ಫ್ಲಾಟಿನಲ್ಲಿ, ಕೆಲಸ ಎಲೆಕ್ಟ್ರಿಕ್ ಸ್ಕೂಟರಿಗೆ ಬ್ಯಾಟರಿ ಮಾಡುವ ಕಂಪನಿಯಲ್ಲಿ. ಮಹಡಿ ಖಾಲಿಯಿದೆ, ಬಂದು ಇರಿ ಎಂದು ತುಳಸಮ್ಮ ಕರೆದಾಗ ಅವನು ಒಪ್ಪಿದ್ದು ಮನೆಯ ಆಸೆಗಲ್ಲ. ಹಿತ್ತಲ ಷೆಡ್ಡಿನಲ್ಲಿ ಹಳೆಯ ಹೆರಾಲ್ಡ್ ಕಾರೊಂದು ನಿಂತಿದೆ ಎಂದು ಧೃತಿ ಬಾಯಿಬಿಟ್ಟಿದ್ದಳು. ಉಳಿದದ್ದೆಲ್ಲ ಕಾರಿಗಾಗಿ ಸಹಿಸಬೇಕಾದ ಬಾಡಿಗೆ. ಹೊಸಿಲು ತುಳಿಯಬಾರದು. ಮಂಗಳವಾರ ಉಗುರು ಕತ್ತರಿಸಬಾರದು. ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕಿದ್ದರೆ "ದೂರಾನಾ?" ಅನ್ನಬೇಕು. ಅವನು ಹಾಲು ತರಲು ಚಪ್ಪಲಿ ಮೆಟ್ಟಿದಾಗಲೂ ತುಳಸಮ್ಮ ಜಗಲಿಯಿಂದ "ದೂರಾನಾ?" ಅನ್ನುತ್ತಿದ್ದರು. "ತುಂಬ ದೂರ ಅತ್ತೆ, ರಸ್ತೆ ದಾಟಬೇಕು," ಅನ್ನುತ್ತಿದ್ದ ಅವನು. ಸಂಜೆ ಅದನ್ನು ಹಳೆಯ ಕಾರುಗಳವರ ವಾಟ್ಸಾಪ್ ಗುಂಪಿನಲ್ಲಿ ಹಾಕಿ ನಗುತ್ತಿದ್ದ.

ಟಾರ್ಪಾಲು ಎಳೆದ. ದೂಳಿನ ವಾಸನೆ ಬರಬೇಕಿತ್ತು, ಇಲಿ ಪಿಕ್ಕೆಯ ವಾಸನೆ ಬರಬೇಕಿತ್ತು. ಬಂದದ್ದು ಹೊಳೆಯ ವಾಸನೆ. ಪಾಚಿ, ಒದ್ದೆ ಮರಳು, ನೀರಲ್ಲಿ ಕೊಳೆತ ಹೂವು.

"ತಗ್ಗು ಜಾಗ. ನೆಲದಿಂದ ತೇವ ಏರಿದೆ," ಎಂದ ಸಮರ್ಥ. ಯಾರೂ ಕೇಳಿರಲಿಲ್ಲ.

ತುಳಸಮ್ಮ ಕತೆ ಹೇಳಿದ್ದು ಮರುದಿನ, ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತ. ಬೆರಳು ನಿಲ್ಲಲಿಲ್ಲ.

"ನಮ್ಮೆಜಮಾನರು ಶ್ರೀನಿವಾಸಯ್ಯನವರಿಗೆ ಒಬ್ಬ ತಮ್ಮ ಇದ್ದ. ಮದುವೆಯಾಗಿ ಸ್ವಲ್ಪ ದಿನಕ್ಕೇ ಹೋಗ್ಬಿಟ್ಟ. ಅವನ ಹೆಂಡ್ತಿ ಮಹಾನಂದ. ಧಾರವಾಡದ ಕಡೆ ಹುಡುಗಿ, ಧೃತಿಗಿಂತ ಚಿಕ್ಕೋಳು. ನನ್ನ ಅಕ್ಕಾರ ಅಕ್ಕಾರ ಅಂತಿದ್ಲು. ಅವಳು ಬಾಯಿಬಿಟ್ರೆ ಮನೆಯವರಿಗೆಲ್ಲ ನಗು. ಅವಳನ್ನ ಇಟ್ಕೊಳ್ಳೋದು ಬೇಡ ಅಂತಾಯ್ತು. ಒಂದಿನ ನಮ್ಮೆಜಮಾನರು ಈ ಗಾಡಿ ತೆಗೆದು ಹೊರಡು ಅಂದ್ರು. ಹಿಂದಿನ ಸೀಟಲ್ಲಿ ಕೂತ್ಲು. ಎಲ್ಲಿಗೆ ಅಂತ ಕೇಳಿದ್ಲು. ಯಾರೂ ಹೇಳ್ಲಿಲ್ಲ."

"ಎಲ್ಲಿಗೆ ಕರ್ಕೊಂಡು ಹೋದ್ರು?" ಧೃತಿ ಕೇಳಿದಳು.

"ಶ್ರೀರಂಗಪಟ್ಟಣದ ಹೊಳೆ ದಂಡೆಗೆ. ಅಲ್ಲಿವರೆಗೂ ಕೇಳ್ತಾನೇ ಇದ್ಲಂತೆ. ಇಳಿಸಿ ಗಾಡಿ ತಿರುಗಿಸಿದಾಗ ಹಿಡಿ ಮರಳು ತೂರಿದ್ಲು. ಈ ಗಾಡೀಲಿ ಕೂತೋರನ್ನ ಯಾರಾದ್ರೂ ಎಲ್ಲಿಗೆ ಅಂತ ಕೇಳ್ಲಿ, ನಾನು ಹೋದಲ್ಲಿಗೇ ಬರ್ತಾರೆ ಅಂದ್ಲು. ಅಂದು ನೀರಿಗಿಳಿದ್ಲು. ಇದನ್ನ ನಮ್ಮೆಜಮಾನರೇ ಬಂದು ಹೇಳಿದ್ದು. ನಗ್ತಾ ಹೇಳಿದ್ರು."

"ನೀವೇನ್ ಮಾಡಿದ್ರಿ ಅತ್ತೆ?"

"ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟಿದ್ದೆ."

ಒಂದು ಕಾಳು ಜಾರಿ ಕೆಳಗೆ ಬಿತ್ತು. ತುಳಸಮ್ಮ ಅದನ್ನು ಹುಡುಕಿ ಎತ್ತಿ ಪಾತ್ರೆಗೆ ಹಾಕಿದರು.

"ಆಮೇಲೆ ಒಂದ್ಸಲ ಅವರು ಶೇಷಾದ್ರಿಪುರಕ್ಕೆ ಅಂತ ಗಾಡಿ ತೆಗೆದ್ರು. ಪಕ್ಕದ್ಮನೆ ವಾದಿರಾಜರು ಕಾಂಪೌಂಡಿಂದ, ಎಲ್ಲಿಗೆ ರಾಯರೇ ಅಂದ್ರು. ಇವರು ಹೊಳೆಗೆ ಅಂದ್ರಂತೆ. ಯಾಕಂದ್ರೋ. ಗಾಡಿ ಬಿಸಿಲಲ್ಲಿ ರಸ್ತೆ ಪಕ್ಕ ನಿಂತಿತ್ತು, ಒಳಗೆ ಇವರ ಜೀವ ಇರ್ಲಿಲ್ಲ. ಎದೆ ತುಂಬ ನೀರಿತ್ತು ಅಂದ್ರು ಡಾಕ್ಟ್ರು. ಕೊಳ್ಳೇಗಾಲದ ಕಡೆಯೋನೊಬ್ಬನ್ನ ಕರೆಸಿ ಗಾಡಿಗೆ ಕಟ್ಟು ಹಾಕಿಸಿದೀವಿ. ಆವತ್ತಿಂದ ಅದು ಉಸಿರೆತ್ತಿಲ್ಲ."

"ಹಾರ್ಟ್ ಫೇಲ್ ಆದ್ರೆ ಶ್ವಾಸಕೋಶದಲ್ಲಿ ನೀರು ತುಂಬತ್ತೆ ಅತ್ತೆ. ಅದಕ್ಕೆ ಮಾಟ ಬೇಕಾಗಿಲ್ಲ, ಬೀಪಿ ಸಾಕು."

ತುಳಸಮ್ಮ ಅವನತ್ತ ನೋಡಲೇ ಇಲ್ಲ. "ಧೃತೀನ ಮಾತ್ರ ಅದರಲ್ಲಿ ಕೂರಿಸಬೇಡ. ನಂಗೆ ಅಂತ ಉಳಿದಿರೋದು ಅವಳೊಬ್ಳೇ," ಎಂದರು.

ಹೆರಾಲ್ಡಿನ ಬಾನೆಟ್ಟು ಇತರ ಕಾರುಗಳ ಹಾಗೆ ಹಿಂದಕ್ಕೆ ತೆರೆಯುವುದಿಲ್ಲ. ಮೂತಿಗೆ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನಿನ ಪಕ್ಕ, ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಸಮರ್ಥನಿಗೆ ಇದು ಬಹಳ ಹಿಡಿಸಿತು. ಹೊಸ ಬ್ಯಾಟರಿ ಕೂರಿಸಿದ. ಸ್ಟಾರ್ಟರ್ ತಿರುಗಿತು, ಕಿಡಿ ಇಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಾಯಿಂಟುಗಳನ್ನು ಎಮರಿ ಕಾಗದದಲ್ಲಿ ಉಜ್ಜಿದ. ಕಂಡೆನ್ಸರ್ ಬದಲಿಸಿದ, ಕಾಯಿಲ್ ಬದಲಿಸಿದ, ಪ್ಲಗ್ಗುಗಳನ್ನು ಬದಲಿಸಿದ. ಮೀಟರಿನ ಪ್ರಕಾರ ಎಲ್ಲವೂ ಸರಿ. ಕಿಡಿ ಮಾತ್ರ ಇಲ್ಲ.

ಬೇಸತ್ತು, ಹಿಂದಿನ ಸೀಟಿನ ಹೊಲಿಗೆಯನ್ನಾದರೂ ರಿಪೇರಿಗೆ ಕೊಡೋಣವೆಂದು ಅದನ್ನು ಕಿತ್ತ. ಕೆಳಗೆ ಒಂದು ಗಂಟು ಇತ್ತು. ಬಿಳಿ ಬಟ್ಟೆ, ಅರಿಸಿನದ ದಾರ. ಒಳಗೆ ಸೂಜಿ ಚುಚ್ಚಿದ ಒಣ ನಿಂಬೆ, ತಾಮ್ರದ ತಗಡು, ಬಳೆಚೂರು, ಹಿಡಿಯಷ್ಟು ಮರಳು. ಗಂಟು ಷೆಡ್ಡಿನಲ್ಲಿ ಇಷ್ಟು ವರ್ಷ ಕೂತಿದ್ದರೂ ಮರಳು ಒದ್ದೆಯಾಗಿತ್ತು.

ಬೀದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ಸಮರ್ಥ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಗೇಟಿಗೆ ಹೋದ.

"ಇದು ಹಸಿ ಕಸಾನಾ, ಒಣ ಕಸಾನಾ?" ಎಂದು ಕೇಳಿದ.

ಕಸದವಳು ಇಣುಕಿದಳು. ಮುಟ್ಟಲಿಲ್ಲ. ಅವನೇ ಒಳಕ್ಕೆ ಎಸೆದ.

ಹಿಂತಿರುಗಿ ಬಂದು ಕೀ ತಿರುಗಿಸಿದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಪಾಯಿಂಟು ಉಜ್ಜಿದ್ದರ ಫಲ ಅಂದುಕೊಂಡ.

ಆಮೇಲೆ ಶುರುವಾದದ್ದು ನೀರು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕಾರ್ಬೊರೇಟರ್ ಬಿಚ್ಚಿದರೆ ಬಟ್ಟಲಿನ ತುಂಬ ನೀರು, ಅಡಿಯಲ್ಲಿ ನುಣ್ಣನೆಯ ಮರಳು. ಟ್ಯಾಂಕ್ ಇಳಿಸಿ ತೊಳೆದ, ಒಣಗಿಸಿದ. ಪೈಪು ಹೊಸದು ಹಾಕಿದ, ಬೇರೆ ಬಂಕಿನ ಪೆಟ್ರೋಲ್ ತಂದ. ಮತ್ತೆ ನೀರು. ಒಮ್ಮೆ ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸಣ್ಣ ತೂತಿನಿಂದ ಒಂದು ಕೂದಲೆಳೆ ತಲೆ ಹಾಕಿತ್ತು. ಚಿಮಟದಲ್ಲಿ ಹಿಡಿದು ಎಳೆದ. ಬಂತು. ಇನ್ನೂ ಬಂತು. ಅವನ ತೋಳುದ್ದ ಬಂತು.

"ಸಮರ್ಥ್, ಬಿಟ್ಬಿಡು ಇದನ್ನ," ಎಂದಳು ಧೃತಿ. ಅವಳು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬಂದಿರಲಿಲ್ಲ. "ಸೀಟು ನೋಡು."

ಬಿಸಿಲಲ್ಲಿ ಒಣಗಿಸಿ, ಹೊಲಿಸಿ ತಂದು ಕೂರಿಸಿದ್ದ ಹಿಂದಿನ ಸೀಟು ಒಂದು ಕಡೆ ಮಾತ್ರ ಒದ್ದೆಯಾಗಿತ್ತು. ಎಡಮೂಲೆಯಲ್ಲಿ, ಒಬ್ಬರು ಕೂರುವಷ್ಟು.

"ಧಾರವಾಡದ ದೆವ್ವ ಆಗಿದ್ರೆ ಪೇಡ ತರ್ಬೇಕಿತ್ತಪ್ಪ, ನೀರು ತಂದಿದಾಳೆ," ಎಂದ. "ಹೆಂಚು ಸೋರ್ತಿದೆ ಧೃತಿ. ನೀನೂ ನಿಮ್ಮತ್ತೆ ಥರ ಶುರು ಮಾಡ್ಬೇಡ."

"ನೀನು ಯಾರ ಮಾತನ್ನಾದ್ರೂ ಯಾವತ್ತಾದ್ರೂ ಕೇಳಿದೀಯಾ?"

"ಕೇಳೋ ಹಾಗಿದ್ರೆ ಕೇಳ್ತೀನಿ."

ಭಾನುವಾರ ಹಳೆಯ ಕಾರುಗಳ ಮೆರವಣಿಗೆ ಇತ್ತು. ಬರುತ್ತೇನೆ ಎಂದು ಗುಂಪಿನಲ್ಲಿ ಜಂಬ ಕೊಚ್ಚಿಕೊಂಡಿದ್ದ. ಬೆಳಗ್ಗೆ ಎದ್ದವನು ಟ್ಯಾಂಕಿನ ತಂಟೆಗೇ ಹೋಗಲಿಲ್ಲ. ಒಂದು ಬಾಟಲಿಯಲ್ಲಿ ಪೆಟ್ರೋಲ್ ತುಂಬಿ, ಆಸ್ಪತ್ರೆಯ ಗ್ಲೂಕೋಸಿನ ಹಾಗೆ ತೊಲೆಗೆ ನೇತುಹಾಕಿ, ಅದರ ನಳಿಗೆಯನ್ನು ನೇರವಾಗಿ ಕಾರ್ಬೊರೇಟರಿಗೆ ಸಿಕ್ಕಿಸಿದ. ಕೀ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು. ಷೆಡ್ಡು ನಡುಗಿತು. ಸಂಪಿಗೆ ಮರದಿಂದ ಕಾಗೆಗಳು ಎದ್ದವು.

"ಧೃತಿ, ಬಾ! ಆಕ್ಸಿಲರೇಟರ್ ಒತ್ತಿ ಹಿಡ್ಕೊ, ನಾನು ಸ್ಕ್ರೂ ಸೆಟ್ ಮಾಡ್ತೀನಿ."

"ನಾನು ಕೂರಲ್ಲ."

"ಎಂಎಸ್ಸಿ ಫಿಸಿಕ್ಸ್," ಎಂದ ಅವನು. "ನಿಮ್ಮಪ್ಪ ಆ ಫೀಸನ್ನ ಕೊಳ್ಳೇಗಾಲದೋನಿಗೆ ಕಟ್ಟಿದ್ರೆ ಆಗ್ತಿತ್ತು."

ಅವಳು ಬಂದು ಚಾಲಕನ ಸೀಟಿನಲ್ಲಿ ಕೂತಳು. ಹೊಗೆ ಬರುತ್ತದೆಂದು ಗಾಜುಗಳನ್ನು ಏರಿಸಿದಳು. ಪೆಡಲು ಒತ್ತಿದಳು. ಎಂಜಿನ್ ಏರಿತು, ಇಳಿಯಿತು, ಒಂದು ಹದಕ್ಕೆ ಬಂತು. ಸಮರ್ಥ ಸ್ಕ್ರೂ ತಿರುಗಿಸಿ ಸೊಂಟ ನೆಟ್ಟಗೆ ಮಾಡಿದ. ಹಿತ್ತಲ ಬಾಗಿಲಲ್ಲಿ ತುಳಸಮ್ಮ ಬಂದು ನಿಂತಿದ್ದರು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು.

ನೋಡಿಬಿಡಲಿ ಅಂದುಕೊಂಡ. ಇವತ್ತಿಗೆ ಇದು ಮುಗಿಯಲಿ.

ಕಾರಿನ ಪಕ್ಕಕ್ಕೆ ಬಂದು ಎರಡು ಬೆರಳಿನಿಂದ ಗಾಜು ತಟ್ಟಿದ. ಖಾಕಿ ಅಂಗಿಯ ಆಟೋದವನ ಹಾಗೆ ಕತ್ತು ಓರೆ ಮಾಡಿದ.

"ಎಲ್ಲಿಗೆ ಮೇಡಂ? ಮೀಟರ್ ಮೇಲೆ ಕೊಟ್ರೆ ಬರ್ತೀನಿ."

ಧೃತಿ ಅವನತ್ತ ತಿರುಗಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಿದ್ದಳು. ಅವಳ ಬಾಯಿ ತೆರೆಯಿತು. ಮಾತು ಬಂದದ್ದು ಹಿಂದಿನಿಂದ.

"ಎಲ್ಲಿಗೆ ಹೊಂಟೇವ್ರಿ?"

ಸಮರ್ಥ ಹಿಡಿ ಎಳೆದ. ಬಾಗಿಲು ತೆರೆಯಲಿಲ್ಲ. ಒಳಗೆ ಚಿಲಕ ಹಾಕಿರಲಿಲ್ಲ. ಅದು ಅವನಿಗೆ ಕಾಣುತ್ತಿತ್ತು. ಧೃತಿಯ ಕಾಲ ಬಳಿ ಏನೋ ಹೊಳೆಯಿತು. ನೀರು. ಪೆಡಲು ಮುಳುಗಿತು. ಮೊಣಕಾಲು ಮುಳುಗಿತು.

ಎಂಜಿನ್ ನಿಲ್ಲಿಸಬೇಕು. ಅವನಿಗೆ ಬೇರೆ ಏನೂ ಹೊಳೆಯಲಿಲ್ಲ. ಓಡಿ ಬ್ಯಾಟರಿಯ ತಂತಿ ಕಿತ್ತ. ಎಂಜಿನ್ ಓಡುತ್ತಲೇ ಇತ್ತು. ಪೆಟ್ರೋಲಿನ ನಳಿಗೆ ಕಿತ್ತ. ಬಾಟಲಿಯಲ್ಲಿದ್ದದ್ದು ಕೆಂಪು ಹೊಳೆನೀರು. ಅವನ ಮುಖಕ್ಕೆ ಚಿಮ್ಮಿತು. ಪ್ಲಗ್ಗಿನ ತಂತಿಗಳನ್ನು ಹಿಡಿ ಹಿಡಿಯಾಗಿ ಎಳೆದು ಬಿಸಾಕಿದ. ಕಿಡಿ ಇಲ್ಲ. ಪೆಟ್ರೋಲ್ ಇಲ್ಲ. ಕರೆಂಟ್ ಇಲ್ಲ. ಎಂಜಿನ್ ಓಡುತ್ತಿತ್ತು. ಹದವಾಗಿ. ಅವನು ಸೆಟ್ ಮಾಡಿದ ಹದದಲ್ಲೇ.

ನೀರು ಸ್ಟೀರಿಂಗ್ ಮುಟ್ಟಿತು. ಧೃತಿ ಗಾಜಿಗೆ ಅಂಗೈ ಒತ್ತಿದಳು. ಪಾನಾ ಎತ್ತಿ ಹೊಡೆದ. ಗಾಜು ಬಿರುಕೂ ಬಿಡಲಿಲ್ಲ. ಮತ್ತೆ ಹೊಡೆದ. ಅವಳ ಗದ್ದ ಮುಳುಗಿತು. ಅವಳ ಹಿಂದೆ ಇನ್ನೊಂದು ತಲೆ ತೇಲಿ ಬಂತು. ಮುಖ ಕಾಣಲಿಲ್ಲ. ಕೂದಲು ಹರಡಿತ್ತು.

"ಎಲ್ಲಿಗೆ?"

ನೀರಿನೊಳಗಿಂದ ಬಂದರೂ ಸ್ಪಷ್ಟವಾಗಿ ಕೇಳಿಸಿತು. ಸಿಟ್ಟಿರಲಿಲ್ಲ. ಉತ್ತರ ಸಿಗದವರು ಮತ್ತೆ ಮತ್ತೆ ಕೇಳುವ ಧ್ವನಿ. ಧೃತಿಯ ಕಣ್ಣು ಮುಳುಗಿತು. ತೆರೆದೇ ಇತ್ತು.

"ಮನೆಗೆ," ಎಂದು ಸಮರ್ಥ ಕಿರುಚಿದ. "ಮನೆಗೆ. ಮನೆಗೆ ಹೋಗ್ತಿದೀವಿ. ಮನೆಗೆ."

ಎಂಜಿನ್ ನಿಂತಿತು.

ಬಾಗಿಲ ಸಂದಿಗಳಿಂದ ನೀರು ಇಳಿಯಿತು. ಷೆಡ್ಡಿನ ನೆಲದ ಮೇಲೆ ಮರಳು ಹರಡಿ ನಿಂತಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಅವಳು ಕೆಮ್ಮಿದಳು. ಉಸಿರೆಳೆದಳು. ಬದುಕಿದ್ದಳು. ಸಮರ್ಥ ಅಲ್ಲೇ ಟೈರಿಗೆ ಒರಗಿ ಕೂತ. ಅಳು ಬಂತು, ಅದರ ಹಿಂದೆಯೇ ನಗು ಬಂತು.

ಅವಳು ಅವನ ಚಾಚಿದ ಕೈಯನ್ನು ತಪ್ಪಿಸಿ ಇಳಿದಳು. ಕೈ ಹಿಡಿಯಲಿಲ್ಲ; ಮುಟ್ಟಬಾರದ್ದೆಂಬ ಹಾಗೆ ದಾಟಿದಳು. ಟೀಶರ್ಟಿನ ಭುಜದ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದಳು. ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನೇರವಾಗಿ ಹಿತ್ತಲ ಬಾಗಿಲಿಗೆ ನಡೆದಳು.

"ಅಕ್ಕಾರ," ಎಂದಳು. "ಚಿತ್ರಾನ್ನ ಛಲೋ ಆಗಿತ್ರಿ."

ತುಳಸಮ್ಮನ ಬಾಯಿಂದ ಸೆರಗು ಜಾರಿತು. ಅವರು ಕೂಗಲಿಲ್ಲ. ಇಷ್ಟು ವರ್ಷ ಅದಕ್ಕೇ ಕಾದವರ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಧೃತಿ," ಎಂದ ಸಮರ್ಥ.

ಅವಳು ಹೊಸಿಲಲ್ಲಿ ನಿಂತು ಹಿಂತಿರುಗಿದಳು. "ಇವರು ಯಾರ್ರೀ ಅಕ್ಕಾರ?"

ಅಂಥ ಪ್ರಶ್ನೆಗಳಿಗೆ ಆ ಮನೆಯಲ್ಲಿ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

ಅವನು ಕಾರಿನತ್ತ ತಿರುಗಿದ. ಇವಳು ಧೃತಿಯಲ್ಲವಾದರೆ ಧೃತಿ ಎಲ್ಲಿ? ಗಾಜಿನ ಒಳಗಡೆ ಅಂಗೈಯ ಗುರುತು ಇನ್ನೂ ಇತ್ತು, ಮದುವೆಯ ಉಂಗುರದ ಗೀರಿನ ಸಮೇತ. ಒಳಗೆ ಇಣುಕಿದ. ಹಿಂದಿನ ಸೀಟಿನ ಎಡಮೂಲೆ ಈಗ ಒಣಗಿತ್ತು. ಮುಂದಿನ ಸೀಟು ಒದ್ದೆಯಾಗಿತ್ತು. ಅವನು ಹತ್ತಿ ಕೂತ, ಬಗ್ಗಿದ, ಸೀಟಿನ ಕೆಳಗೆ, ಪೆಡಲುಗಳ ಹಿಂದೆ ಕೈಯಾಡಿಸಿದ. ಹೆಸರು ಹಿಡಿದು ಕರೆದ. ಕೈಗೆ ಬಂದದ್ದು ಮರಳು.

ಬಾಗಿಲು ಮುಚ್ಚಿಕೊಂಡಿತು.

ಯಾರೋ ಎರಡು ಬೆರಳಿನಿಂದ ಗಾಜು ತಟ್ಟಿದರು. ತಲೆಯೆತ್ತಿದ. ಧೃತಿಯ ಮುಖ ಗಾಜಿಗೆ ಹತ್ತಿರ ಬಂದಿತ್ತು. ಕತ್ತು ಓರೆ ಮಾಡಿದ್ದಳು. ನಗುತ್ತಿದ್ದಳು.

"ಎಲ್ಲಿಗೆ?"